ಗುಣಮಾನವೂ ಮಾರ್ಟಳ್ಳಿಯ ವಿದ್ಯಾರ್ಥಿಯೂ

ಕಾವ್ಯನಾಟಕಗಳಿಗೆ ಸಲ್ಲುವ ವಿಮರ್ಶೆಯನ್ನು ಒಂದು ನಿಯಮಾವಳಿಗೆ ಸಲ್ಲಿಸುವುದು ಕೆಲವರಿಗೆ ವಿಚಿತ್ರವೆನಿಸೀತು. ಆದರೆ ನಿಯಮಾವಳಿಯೂ ಮನುಷ್ಯರೇ ಬರೆದದ್ದಾದುದರಿಂದ, ಅದಕ್ಕೊಂದು ಆಶಯವೂ, ವಿಷಯಗಳನ್ನು ಹಿಂದುಮುಂದಾಗಿ ಇರಿಸಿದ ಒಂದು ಕ್ರಮವೂ, ಬರೆದವರ ಕಣ್ಣೆದುರಿಗೆ ನಿಂತಿದ್ದ ಒಬ್ಬ ಕಲ್ಪಿತ ವಿದ್ಯಾರ್ಥಿಯೂ ಇದ್ದೇ ಇರುವುದರಿಂದ, ಅದನ್ನೊಂದು ಕೃತಿಯೆಂದೇ ಓದುವುದು ನ್ಯಾಯವಾಗಿದೆ. ಆನ್‌ಲೈನ್ ಪಾಠಕ್ರಮಗಳ ಗುಣವನ್ನು ಅಳೆಯಲೆಂದು ಹುಟ್ಟಿದ ನಿಯಮಾವಳಿಗಳಲ್ಲಿ ಅತ್ಯಂತ ಪ್ರಸಿದ್ಧವಾದ ‘ಕ್ವಾಲಿಟಿ ಮ್ಯಾಟರ್ಸ್’ ಎಂಬುದನ್ನು ನಾನಿಲ್ಲಿ ಹಾಗೆ ಓದಬಯಸುತ್ತೇನೆ. ಓದುವ ಸ್ಥಳವಾಗಿ ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನ ಮಾರ್ಟಳ್ಳಿಯನ್ನು ಆರಿಸಿಕೊಂಡಿದ್ದೇನೆ. ಈ ಆಯ್ಕೆಗೆ ಕಾರಣವೇನೆಂಬುದು ಮುಂದೆ ತಿಳಿದುಬರುವುದು.

2003ರ ಸುಮಾರಿಗೆ ಅಮೆರಿಕದ ಮೇರಿಲ್ಯಾಂಡ್ ಸಂಸ್ಥಾನದ ಕಾಲೇಜುಗಳು ಒಟ್ಟುಗೂಡಿ, ಅಲ್ಲಿನ ಕೇಂದ್ರ ಸರ್ಕಾರದ ಧನಸಹಾಯದಿಂದ ಆರಂಭಿಸಿದ ಈ ಕಾರ್ಯವು ಇಂದು 8 ಪ್ರಧಾನ ಮಾನದಂಡಗಳಾಗಿ ಬೆಳೆದು ನಿಂತಿದೆ. ಪಾಠಕ್ರಮದ ಪರಿಚಯ, ಕಲಿಕೆಯ ಉದ್ದೇಶ, ಪರೀಕ್ಷೆ, ಪಾಠಸಾಮಗ್ರಿ, ಚಟುವಟಿಕೆ ಹಾಗೂ ಸಂವಾದ, ತಂತ್ರಜ್ಞಾನ, ವಿದ್ಯಾರ್ಥಿಗೆ ದೊರೆಯುವ ನೆರವು, ಸರ್ವರಿಗೂ ಎಟುಕುವ ಸುಗಮತೆ, ಇದು ಅವುಗಳ ಕ್ರಮ. ಒಂದೊಂದರ ಅಡಿಯಲ್ಲಿಯೂ ಸೂಕ್ಷ್ಮವಾದ ಉಪಮಾನದಂಡಗಳುಂಟು. ಅವುಗಳಿಗೆ 3, 2, 1 ಎಂದು ಅಂಕಗಳನ್ನು ಹಂಚಲಾಗಿದೆ. ಮೂರಂಕದವು ಅತ್ಯಾವಶ್ಯಕವಾದವು, ಅವುಗಳಲ್ಲಿ ಒಂದು ತಪ್ಪಿದರೂ ಪಾಠಕ್ರಮವು ತೇರ್ಗಡೆಯಾಗದು. ಒಟ್ಟಿನಲ್ಲಿ ಶೇಕಡ 85ರಷ್ಟನ್ನು ಗಳಿಸಬೇಕು. ತೀರ್ಪುಗಾರರು ಅಧಿಕಾರಿಗಳಲ್ಲ, ಅದೇ ವೃತ್ತಿಯ ಅಧ್ಯಾಪಕರು. ಅವರು ಪಾಠಕ್ರಮದೊಳಕ್ಕೆ ವಿದ್ಯಾರ್ಥಿಯಂತೆಯೇ ಪ್ರವೇಶಿಸಿ, ಕಂಡುದನ್ನು ಬರೆದು, ಹೀಗೆ ತಿದ್ದಿರೆಂದು ಸೂಚಿಸಬೇಕು. ತಿದ್ದಲು ಕಾಲಾವಕಾಶವೂ ಉಂಟು. ಶಿಕ್ಷಿಸುವುದಕ್ಕಿಂತ ಸುಧಾರಿಸುವುದು ಮುಖ್ಯವೆಂಬ ಈ ಮನೋಧರ್ಮವನ್ನು, ತಪಾಸಣೆಯೆಂದರೆ ತಪ್ಪು ಹಿಡಿಯುವುದೆಂದೇ ರೂಢಿಯಾಗಿರುವ ನಮ್ಮ ವಿದ್ಯಾಸಂಸ್ಥೆಗಳು ಗಮನಿಸತಕ್ಕದ್ದಾಗಿದೆ.

ಇದರ ಪ್ರಾಣವಿರುವುದು ಅಂಕಗಳಲ್ಲಲ್ಲ, ಅನ್ವಯದಲ್ಲಿ. ಉದ್ದೇಶ, ಸಾಮಗ್ರಿ, ಚಟುವಟಿಕೆ, ಪರೀಕ್ಷೆ ಇವು ಒಂದಕ್ಕೊಂದು ಹೊಂದಿಕೊಂಡಿರಬೇಕೆಂಬುದು ಇಡೀ ನಿಯಮಾವಳಿಯ ಬೆನ್ನೆಲುಬು. ಇದು ಎಲ್ಲರೂ ಬಲ್ಲ ಮಾತಲ್ಲವೆ ಎಂದು ಯಾರಾದರೂ ಕೇಳಿಯಾರು. ಬಲ್ಲೆವು, ಆದರೆ ಆಚರಿಸೆವು. ಪ್ರಾಥಮಿಕ ಶಾಲೆಯ ಉಪಾಧ್ಯಾಯರಿಗಾಗಿ ಭಿನ್ನರಾಶಿಯ ಬೋಧನೆಯ ಕೋರ್ಸೊಂದನ್ನು ಊಹಿಸಿಕೊಳ್ಳೋಣ. ಅರ್ಧಕ್ಕೆ ಮೂರನೆಯ ಒಂದು ಭಾಗವನ್ನು ಕೂಡಿಸಿದ ಮಗು ಐದನೆಯ ಎರಡು ಎಂದು ಬರೆದಾಗ, ಆ ತಪ್ಪಿನ ಹಿಂದಿರುವ ತರ್ಕವನ್ನು ಗುರುತಿಸಿ ತಿದ್ದುವ ಶಕ್ತಿ ಬರಬೇಕೆಂಬುದು ಮೊದಲ ಪುಟದಲ್ಲಿ ಘೋಷಿಸಿದ ಉದ್ದೇಶ. ಮುಂದೆ ಬರುವುದು ಭಿನ್ನರಾಶಿಯ ಲಕ್ಷಣವನ್ನು ವಿವರಿಸುವ ನಲವತ್ತು ನಿಮಿಷಗಳ ಉಪನ್ಯಾಸ. ಕೊನೆಗೆ ಕೇಳುವುದು ಅಂಶವಾವುದು, ಛೇದವಾವುದು ಎಂಬ ನಾಲ್ಕು ಆಯ್ಕೆಗಳ ಪ್ರಶ್ನೆ. ಇಲ್ಲಿ ಉಪನ್ಯಾಸವೂ ತಪ್ಪಲ್ಲ, ಪ್ರಶ್ನೆಯೂ ತಪ್ಪಲ್ಲ. ಆದರೆ ಮೊದಲು ಹೇಳಿದ ಉದ್ದೇಶಕ್ಕೂ ಇವೆರಡಕ್ಕೂ ಸಂಬಂಧವೇ ಇಲ್ಲ. ಮಗುವಿನ ತಪ್ಪು ಲೆಕ್ಕವನ್ನೇ ಮುಂದಿಟ್ಟು, ಇದರ ಕಾರಣವೇನು, ಮುಂದೇನು ಮಾಡುವಿರಿ ಎಂದು ಕೇಳದ ಪರೀಕ್ಷೆಯಲ್ಲಿ ನೂರಕ್ಕೆ ನೂರು ಬಂದರೂ ಉದ್ದೇಶವು ಮೊದಲ ಪುಟದಲ್ಲಿಯೇ ಉಳಿಯುತ್ತದೆ. ಇಂತಹ ಬಿರುಕನ್ನು ಮಾಡಿದವನ ಕಣ್ಣಿಗೆ ತಾನಾಗಿ ಬೀಳುವಂತೆ ಮಾಡುವುದು ಈ ಮಾನದಂಡಗಳ ನಿಜವಾದ ಉಪಕಾರ. ಅದನ್ನು ಸಂಕೋಚವಿಲ್ಲದೆ ಮೆಚ್ಚಬೇಕು.

ನಮ್ಮ ದೇಶದ ಮಾರ್ಗ ಬೇರೆ. 2017ರಲ್ಲಿ ಉದ್ಘಾಟಿತವಾದ ‘ಸ್ವಯಂ’ ವೇದಿಕೆಯು ಪ್ರತಿಯೊಂದು ಪಾಠಕ್ರಮಕ್ಕೂ ನಾಲ್ಕು ಪಾದಗಳಿರಬೇಕೆಂದು ವಿಧಿಸಿತು: ದೃಶ್ಯಪಾಠ, ಓದುವ ಸಾಮಗ್ರಿ, ಸಂಶಯಗಳ ಚರ್ಚೆ, ಮೌಲ್ಯಮಾಪನ. ಪಾದಗಳಿವೆಯೋ ಇಲ್ಲವೋ ಎಂದು ನೋಡುವುದು ಸುಲಭ; ಅವು ಒಂದೇ ದಿಕ್ಕಿಗೆ ನಡೆಯುತ್ತಿವೆಯೋ ಎಂದು ನೋಡುವುದು ಕಷ್ಟ. ಪೂರ್ಣ ಪದವಿಗಳನ್ನು ಆನ್‌ಲೈನಿನಲ್ಲಿ ನಡೆಸಲು ಯುಜಿಸಿ 2020ರಲ್ಲಿ ರೂಪಿಸಿದ ನಿಯಮಗಳಾದರೋ ಮುಖ್ಯವಾಗಿ ವಿಶ್ವವಿದ್ಯಾನಿಲಯದ ನ್ಯಾಕ್ ಶ್ರೇಯಾಂಕವನ್ನೋ ರಾಷ್ಟ್ರೀಯ ಶ್ರೇಣಿಪಟ್ಟಿಯ ಸ್ಥಾನವನ್ನೋ ಪ್ರವೇಶದ್ವಾರವಾಗಿ ನಿಲ್ಲಿಸುತ್ತವೆ. ಮನೆತನವನ್ನು ನೋಡಿ ಮಗನ ವಿದ್ಯೆಯನ್ನು ನಿರ್ಣಯಿಸಿದಂತೆ, ಸಂಸ್ಥೆಯ ಕೀರ್ತಿಯನ್ನು ನೋಡಿ ಪಾಠದ ಗುಣವನ್ನು ನಂಬುವ ಕ್ರಮವಿದು.

ಈ ಕ್ರಮದ ಪರಿಣಾಮವನ್ನು ಕರ್ನಾಟಕವು ಒಮ್ಮೆ ಚೆನ್ನಾಗಿಯೇ ಅನುಭವಿಸಿದೆ. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ಶಿಕ್ಷಣವಾಗಿ ತೊಡಗಿ 1996ರಲ್ಲಿ ಸ್ವತಂತ್ರವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಮಾನ್ಯತೆಯಿಲ್ಲವೆಂದು ಯುಜಿಸಿ 2015ರಲ್ಲಿ ಪ್ರಕಟಿಸಿತು. ಮಾನ್ಯತೆ ಮರಳಿದ್ದು 2018ರಲ್ಲಿ. ವಿವಾದದ ಕೇಂದ್ರದಲ್ಲಿದ್ದುದು ಅಧಿಕಾರವ್ಯಾಪ್ತಿಯೂ ಹೊರರಾಜ್ಯಗಳ ಅಧ್ಯಯನಕೇಂದ್ರಗಳೂ ಆಗಿದ್ದುವೇ ಹೊರತು, ಯಾವ ಪಾಠಪುಸ್ತಿಕೆ ಉತ್ತಮ, ಯಾವುದು ಅಧಮ ಎಂಬುದಲ್ಲ. ಒಳ್ಳೆಯ ಪಾಠವನ್ನೋದಿದವನೂ ಕೆಟ್ಟ ಪಾಠವನ್ನೋದಿದವನೂ ಒಂದೇ ಕಷ್ಟಕ್ಕೆ ಗುರಿಯಾದರು.

ಇನ್ನು ಮಾರ್ಟಳ್ಳಿಯ ವಿಚಾರ. ಮಲೆ ಮಹದೇಶ್ವರ ಬೆಟ್ಟದ ಸೀಮೆಯಲ್ಲಿ, ತಮಿಳುನಾಡಿನ ಗಡಿಗೆ ಸಮೀಪವಾಗಿ ಇರುವ ಊರದು. ಹಿಂದೆ ಈ ಪ್ರದೇಶವೆಲ್ಲ ಕೊಳ್ಳೇಗಾಲ ತಾಲ್ಲೂಕಿಗೆ ಸೇರಿದ್ದು, ಆ ತಾಲ್ಲೂಕು 1956ರ ರಾಜ್ಯ ಪುನರ್ವಿಂಗಡಣೆಯ ತನಕ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಮನೆಯಲ್ಲಿ ತಮಿಳನ್ನಾಡುವ ಕ್ರೈಸ್ತ ಕುಟುಂಬಗಳು ಅಲ್ಲಿ ಬಹಳ. ಸುತ್ತಣ ಕಾಡಿನಲ್ಲಿ ಸೋಲಿಗರ ಪೋಡುಗಳು. ಮನೆಮಾತು ಒಂದು, ಶಾಲೆಯ ಮಾತು ಇನ್ನೊಂದು, ಮೊಬೈಲಿನಲ್ಲಿ ಬರುವ ಕೋರ್ಸಿನ ಮಾತು ಬಹುಮಟ್ಟಿಗೆ ಇಂಗ್ಲಿಷು. ಮೇರಿಲ್ಯಾಂಡಿನ ನಿಯಮಕಾರರು ಕಲ್ಪಿಸಿಕೊಂಡ ವಿದ್ಯಾರ್ಥಿಯಿಂದ ಇಷ್ಟು ದೂರದಲ್ಲಿರುವವನನ್ನು ಹುಡುಕಲು ಹೆಚ್ಚು ಶ್ರಮ ಬೇಕಿಲ್ಲವೆಂಬುದೇ ನನ್ನ ಆಯ್ಕೆಗೆ ಕಾರಣ.

ಇನ್ನೊಂದು ಕಾರಣವೂ ಉಂಟು: ದೂರದಿಂದ ಬರುವ ಪಾಠ ಈ ಜಿಲ್ಲೆಗೆ ಹೊಸದಲ್ಲ. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟೆಯಿಂದ ಹಾರಿದ ಎಜುಸ್ಯಾಟ್ ಉಪಗ್ರಹದ ಪ್ರಾಥಮಿಕ ಶಿಕ್ಷಣ ಪ್ರಯೋಗಕ್ಕೆ ಆರಿಸಿದ್ದು ಚಾಮರಾಜನಗರ ಜಿಲ್ಲೆಯನ್ನೇ. ಇಲ್ಲಿಯ ಎಂಟುನೂರಕ್ಕೂ ಮಿಕ್ಕ ಶಾಲೆಗಳ ಮೇಲೆ ತಟ್ಟೆಯಂಥ ಆಂಟೆನಾಗಳು ನಿಂತವು. ಅವು ಪಾಠವನ್ನು ಸ್ವೀಕರಿಸಬಲ್ಲವು, ಪ್ರಶ್ನೆಯನ್ನು ಹಿಂದಿರುಗಿಸಲಾರವು. ಪ್ರಸಾರದ ವೇಳೆಯಲ್ಲಿ ಕರೆಂಟು ಹೋದರೆ ಆ ಪಾಠವೂ ಹೋಯಿತೆಂದೇ ಅರ್ಥ. 2010ರಲ್ಲಿ ಉಪಗ್ರಹದ ಆಯುಸ್ಸು ತೀರಿತು. ಅಂದಿನ ಪಾಠಗಳನ್ನು ಇಂದಿನ 8 ಮಾನದಂಡಗಳಿಂದ ಅಳೆದರೆ, ಉದ್ದೇಶ, ಸಾಮಗ್ರಿಗಳಲ್ಲಿ ಒಳ್ಳೆಯ ಅಂಕಗಳೇ ಬಂದಾವು. ಸೋಲುವುದು ಸಂವಾದ, ನೆರವು, ಸುಗಮತೆಗಳಲ್ಲಿ.

ಆದುದರಿಂದಲೇ ನನ್ನ ವಾದವಿಷ್ಟು: ಈ ನಿಯಮಾವಳಿಯನ್ನು ಮಾರ್ಟಳ್ಳಿಯಂಥ ಊರಿನಲ್ಲಿ ತಲೆಕೆಳಗಾಗಿ ಓದಬೇಕು, ಎಂಟನೆಯದರಿಂದ ಒಂದನೆಯದಕ್ಕೆ. ಮುದ್ರಿತ ಕ್ರಮದಲ್ಲಿ ಸುಗಮತೆ ಕೊನೆಗೆ ಬರುತ್ತದೆ. ಓದಲು ತಕ್ಕ ಅಕ್ಷರ, ಚಿತ್ರಕ್ಕೆ ಬದಲಾಗಿ ವಿವರಣೆ, ದೃಶ್ಯಕ್ಕೆ ಉಪಶೀರ್ಷಿಕೆ ಮೊದಲಾದುವು ಅದರ ಚಿಂತೆ. ಅವೆಲ್ಲವೂ ಬೇಕಾದುವೇ. ಆದರೆ ಎಂಟು ಶೀರ್ಷಿಕೆಗಳಲ್ಲಿ ಭಾಷೆಗೆ ಪ್ರತ್ಯೇಕ ಸ್ಥಾನವಿಲ್ಲ, ನೆಟ್‌ವರ್ಕಿಗೂ ಇಲ್ಲ; ಏಕೆಂದರೆ ಬರೆದವರ ವಿದ್ಯಾರ್ಥಿಗೆ ಇವೆರಡೂ ಗಾಳಿಬೆಳಕಿನಂತೆ ಸಹಜವಾಗಿ ಒದಗಿದ್ದುವು. ಪೋಡಿನ ಹುಡುಗಿಗೆ ದೃಶ್ಯಪಾಠವು ಮೊಬೈಲಿಗೆ ಇಳಿಯದಿದ್ದರೆ ಉದ್ದೇಶದ ವಾಕ್ಯ ಎಷ್ಟು ಸುಂದರವಾಗಿದ್ದರೇನು? ಅವಳ ಪಾಲಿಗೆ ಎಂಟನೆಯ ಮಾನದಂಡವೇ ಮೊದಲನೆಯದು. ಅದು ದಾಟಿದರೆ ಮಾತ್ರ ಉಳಿದ ಏಳು.

ವಿನೋದವೆಂದರೆ, ನಮ್ಮಲ್ಲಿಯೇ ಇರುವ ಕೆಲವು ವ್ಯವಸ್ಥೆಗಳು ಯಾವ ಮಾನದಂಡದ ಹೆಸರನ್ನೂ ಹೇಳದೆ ಇಂಥ ವಿದ್ಯಾರ್ಥಿಯನ್ನು ನೆನೆದಿವೆ. ‘ಸ್ವಯಂ ಪ್ರಭಾ’ ದೂರದರ್ಶನ ವಾಹಿನಿಗಳು ದಿನಕ್ಕೆ ನಾಲ್ಕು ಗಂಟೆಗಳ ಹೊಸ ಪಾಠವನ್ನು ಪ್ರಸಾರಮಾಡಿ, ಅದನ್ನೇ ಮತ್ತೆ ಐದು ಸಲ ಮರುಪ್ರಸಾರ ಮಾಡುವಂತೆ ಯೋಜಿತವಾದುವು. ಬೆಳಿಗ್ಗೆ ಕರೆಂಟಿಲ್ಲದವನು ರಾತ್ರಿ ನೋಡಬಹುದು. ಎಜುಸ್ಯಾಟಿನ ದೋಷಕ್ಕೆ ಇದು ನೇರವಾದ ಉತ್ತರ. ಐಐಟಿಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ನಡೆಸುವ ಎನ್‌ಪಿಟೆಲ್ 12 ವಾರಗಳ ಕೋರ್ಸಿನಲ್ಲಿ ಎಲ್ಲ ವಾರಗಳ ಅಸೈನ್‌ಮೆಂಟುಗಳನ್ನೂ ಲೆಕ್ಕಿಸದೆ, ಉತ್ತಮವಾದ 8ನ್ನು ಮಾತ್ರ ತೆಗೆದುಕೊಂಡು ಶೇಕಡ 25ರಷ್ಟು ಅಂಕ ಕೊಡುತ್ತದೆ. ಮಳೆಗಾಲದಲ್ಲಿ ಒಂದು ವಾರ ನೆಟ್‌ವರ್ಕ್ ಸಿಗದೆ ಹೋದವನನ್ನು, ಸುಗ್ಗಿಗೆ ಹೊಲದಲ್ಲಿ ನಿಂತವನನ್ನು ಈ ಒಂದು ಸಣ್ಣ ನಿಯಮವು ಕಾಪಾಡುತ್ತದೆ. ಅದೇ ಸಂಸ್ಥೆ ಉಳಿದ 75ಕ್ಕೆ ನಗರದ ಪರೀಕ್ಷಾಕೇಂದ್ರಕ್ಕೆ ಬರಹೇಳುವುದರಿಂದ, ವಾರವಾರವೂ ತೋರಿದ ಔದಾರ್ಯವು ಕೊನೆಯ ದಿನ ಬಸ್ಸಿನ ವೇಳಾಪಟ್ಟಿಯ ಮುಂದೆ ನಿಂತುಬಿಡುತ್ತದೆಂಬುದೂ ಸತ್ಯ. ನಕಲನ್ನು ತಡೆಯುವ ಅಗತ್ಯವನ್ನು ನಾನು ಅಲ್ಲಗಳೆಯೆನು. ಹನೂರಿನಲ್ಲೋ ಕೊಳ್ಳೇಗಾಲದಲ್ಲೋ ಒಂದು ಕೇಂದ್ರವನ್ನು ತೆರೆಯುವುದು ಗುಣಮಟ್ಟದ ಭಾಗವೇ ಎಂದು ಮಾತ್ರ ಹೇಳುತ್ತೇನೆ.

ಮಾನದಂಡಗಳ ಮತ್ತೊಂದು ಮಿತಿಯನ್ನು ಅವುಗಳ ಕರ್ತೃಗಳೇ ಮುಚ್ಚಿಡದೆ ಹೇಳಿದ್ದಾರೆ: ಅವು ಅಳೆಯುವುದು ಪಾಠಕ್ರಮದ ವಿನ್ಯಾಸವನ್ನು, ಬೋಧನೆಯನ್ನಲ್ಲ. ವಿನ್ಯಾಸವು ನಿರ್ದೋಷವಾಗಿದ್ದು, ಸಂಶಯ ಕೇಳಿದವನಿಗೆ ಹದಿನೈದು ದಿನ ಯಾರೂ ಉತ್ತರಿಸದಿರುವುದು ಸಾಧ್ಯ. ಈ ಕೊರತೆಯನ್ನು ತುಂಬಲು ಹೊಸ ನಿಯಮ ಬೇಕಿಲ್ಲ. ಹಳೆಯದೊಂದು ಅಭ್ಯಾಸ ಸಾಕು. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ನಡೆದ ‘ಸೈಟ್’ ಉಪಗ್ರಹ ದೂರದರ್ಶನ ಪ್ರಯೋಗವು ಆರು ರಾಜ್ಯಗಳ ಸುಮಾರು 2400 ಹಳ್ಳಿಗಳನ್ನು ಮುಟ್ಟಿತು. ಕರ್ನಾಟಕದಲ್ಲಿ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದುವು. ಅದಕ್ಕೆ ಸೇರಿದ ಸಂಶೋಧಕರಲ್ಲಿ ಕೆಲವರು ಹಳ್ಳಿಗಳಲ್ಲಿಯೇ ವಾಸವಾಗಿದ್ದು, ಜನ ಏನನ್ನು ನೋಡಿದರು, ಯಾವಾಗ ಎದ್ದುಹೋದರು, ಏನನ್ನು ಮನೆಗೆ ಒಯ್ದರು ಎಂಬುದನ್ನು ಬರೆದಿಟ್ಟರು. ಇಂದಿನ ವೇದಿಕೆಯು ವಿದ್ಯಾರ್ಥಿ ಯಾವ ಕ್ಷಣದಲ್ಲಿ ದೃಶ್ಯಪಾಠವನ್ನು ನಿಲ್ಲಿಸಿದನೆಂಬುದನ್ನು ತಾನಾಗಿಯೇ ಬರೆದಿಡಬಲ್ಲುದು. ಏಕೆ ನಿಲ್ಲಿಸಿದನೆಂಬುದನ್ನು ಬರೆಯಲಾರದು.

ಆ ‘ಏಕೆ’ಯನ್ನು ತಿಳಿಯಬೇಕಾದರೆ ಪರಿಶೀಲಕರ ಸಮಿತಿಯನ್ನೇ ಬದಲಿಸಬೇಕು. ಕ್ವಾಲಿಟಿ ಮ್ಯಾಟರ್ಸ್ ಕ್ರಮದಲ್ಲಿ ಮೂವರು ಅಧ್ಯಾಪಕರು ಕೂಡಿ ಪಾಠಕ್ರಮವನ್ನು ಓದುತ್ತಾರೆ, ಅವರಲ್ಲೊಬ್ಬರಾದರೂ ಹೊರಗಿನ ಸಂಸ್ಥೆಯವರಾಗಿರುತ್ತಾರೆ. ಕರ್ನಾಟಕದಲ್ಲಿ ಈ ಕ್ರಮವನ್ನು ತರುವವರು ಆ ಹೊರಗಿನವರನ್ನು ಬೆಂಗಳೂರಿನ ಇನ್ನೊಂದು ಕಾಲೇಜಿನಿಂದ ಕರೆಯದೆ, ಹನೂರು ತಾಲ್ಲೂಕಿನ ಪ್ರೌಢಶಾಲೆಯಿಂದ ಕರೆದು, ಕಂಪ್ಯೂಟರನ್ನು ಕೊಡದೆ, ಅವರ ಶಾಲೆಯ ಮಕ್ಕಳ ಮನೆಗಳಲ್ಲಿರುವಂಥ ಮೊಬೈಲನ್ನೇ ಕೊಟ್ಟು, ಮಾರ್ಟಳ್ಳಿಯಲ್ಲಿ ಕೂತು ಮೊದಲ ಪಾಠವನ್ನು ತೆರೆಯುವಂತೆ ಕೇಳಿಕೊಳ್ಳಲಿ. ಅವರು ಎಂಟನೆಯ ಮಾನದಂಡದ ಎದುರಿಗೆ ಬರೆಯುವ ಮೊದಲ ಟಿಪ್ಪಣಿಯನ್ನು ಪಾಠಕ್ರಮ ರಚಿಸಿದವರಿಗೆ ಹಾಗೆಯೇ, ತಿದ್ದದೆ, ಕಳುಹಿಸಲಿ.