ಮಾಗಿಸಿ ಮಾರುವ ವೈನ್

ಫ್ರಾನ್ಸಿನ ಬೋರ್ಡೊದ ಹೆಸರಾಂತ ಶಾತೊಗಳು, ಅಂದರೆ ಅಲ್ಲಿನ ವೈನ್ ಮನೆಗಳು, ವೈನ್ ಇನ್ನೂ ಪೀಪಾಯಿಯಲ್ಲಿರುವಾಗಲೇ ಅದನ್ನು ಮಾರಿಬಿಡುತ್ತವೆ. ದುಡ್ಡು ಈಗ, ಬಾಟಲಿ ಒಂದೆರಡು ವರ್ಷದ ಮೇಲೆ, ಕುಡಿಯುವ ಹದ ಅದಕ್ಕೂ ಎಷ್ಟೋ ವರ್ಷ ಆಚೆಗೆ. ಕಾಯುವ ಕೆಲಸ, ತಂಪು ನೆಲಮಾಳಿಗೆಯ ಖರ್ಚು, ನಡುವೆ ಕೆಟ್ಟರೆ ಆಗುವ ನಷ್ಟ ಎಲ್ಲವೂ ಕೊಂಡವರ ತಲೆಗೆ. ಅಲ್ಲಿಂದ ದಕ್ಷಿಣಕ್ಕೆ ಇಳಿದು ಸ್ಪೇನಿನ ಎಬ್ರೊ ನದಿಯ ದಂಡೆಗೆ ಬಂದರೆ, ರಿಯೊಹಾದಲ್ಲಿ ಈ ಲೆಕ್ಕ ತಿರುಗುಮುರುಗಾಗುತ್ತದೆ. ಅಲ್ಲಿ ಕಾಯುವವನು ವೈನ್ ಮಾಡಿದವನೇ. ಮಾಗಿದ ಮೇಲೆ ಮಾರುತ್ತಾನೆ, ಅದೂ ಸಾಧಾರಣ ಸಂಬಳದವರು ಕೊಳ್ಳಬಹುದಾದ ಬೆಲೆಗೆ. ಅಲ್ಲಿನ ಫೌಸ್ತಿನೊ-1 ಗ್ರಾನ್ ರಿಸರ್ವಾ ಎಂಬ ಕೆಂಪು ವೈನನ್ನು ನಾನು ಮೆಚ್ಚುವುದಕ್ಕೆ ಮೊದಲ ಕಾರಣ ಇದು. ಅದರ ರುಚಿಯ ಬಗ್ಗೆ ಇರುವ ತಕರಾರುಗಳೆಲ್ಲ ಆಮೇಲಿನವು.

ರಿಯೊಹಾದ ಕಟ್ಟಳೆ ಬಿಗಿಯಾದದ್ದು. ಗ್ರಾನ್ ರಿಸರ್ವಾ ಎನಿಸಿಕೊಳ್ಳಲು ಕೆಂಪು ವೈನ್ ಕನಿಷ್ಠ 60 ತಿಂಗಳು ಮಾಗಬೇಕು. ಅದರಲ್ಲಿ ಕನಿಷ್ಠ 24 ತಿಂಗಳು 225 ಲೀಟರಿನ ಓಕ್ ಪೀಪಾಯಿಯಲ್ಲಿ, 24 ತಿಂಗಳು ಬಾಟಲಿಯಲ್ಲಿ. ಬಾಟಲಿಯ ಬೆನ್ನಿಗೆ ನಿಯಂತ್ರಣ ಮಂಡಳಿಯ ನೀಲಿ ಚೀಟಿ ಅಂಟಿದ್ದರೆ ಈ ಅವಧಿ ಮುಗಿದಿದೆ ಎಂದರ್ಥ. ಫೌಸ್ತಿನೊ ಮನೆ ಈ ಗಡುವಿಗೂ ಮೀರಿ ಕಾಯುತ್ತದೆ. ಲಂಡನ್ನಿನ ಡಿಕ್ಯಾಂಟರ್ ಪತ್ರಿಕೆ 2013ರಲ್ಲಿ ವರ್ಷದ ವೈನ್ ಎಂದು ಆರಿಸಿದ್ದು ಇದರ 2001ರ ಫಸಲನ್ನು. ಆಗ ಅದಕ್ಕೆ 12 ವರ್ಷ.

ಲೊಗ್ರೋನ್ಯೊ ಪಟ್ಟಣದ ಉತ್ತರಕ್ಕೆ, ಆಲಾವಾ ಪ್ರಾಂತ್ಯದ ಓಯೋನ್‌ನಲ್ಲಿ 1861ರಲ್ಲಿ ಶುರುವಾದ ಮನೆ ಇದು. ಓಕ್ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಡುವ ಈ ಪದ್ಧತಿಯನ್ನು ರಿಯೊಹಾ ಬೋರ್ಡೊದವರಿಂದಲೇ ಕಲಿತದ್ದು. ಫಿಲಾಕ್ಸರಾ ಎಂಬ ಬೇರುಹುಳು ಫ್ರಾನ್ಸಿನ ತೋಟಗಳನ್ನು ನುಂಗತೊಡಗಿದಾಗ ಅಲ್ಲಿನ ವರ್ತಕರು ವೈನಿಗಾಗಿ ಈ ಕಡೆ ಬಂದರು. ಆರೋ ಪಟ್ಟಣದ ರೈಲು ನಿಲ್ದಾಣದ ಸುತ್ತ ಲೋಪೆಸ್ ದೆ ಎರೆದಿಯಾದಂಥ ಮನೆಗಳು ಎದ್ದದ್ದು ಆ ಕಾಲದಲ್ಲಿ. ಕಲಿಸಿದವರು ಆಮೇಲೆ ಬೇಗ ಮಾರುವ ದಾರಿ ಹಿಡಿದರು, ಕಲಿತವರು ಕಾಯುತ್ತಲೇ ಉಳಿದರು. ಪೀಪಾಯಿಗೆ ಮಾತ್ರ ಅಮೆರಿಕದ ಓಕ್ ಇವರಿಗೆ ಹೆಚ್ಚು ಒಗ್ಗಿತು, ಮತ್ತು ಈ ವೈನಿನ ರುಚಿಯ ಅರ್ಧ ಕಥೆ ಅದರಲ್ಲೇ ಇದೆ.

ಗ್ಲಾಸಿಗೆ ಬಗ್ಗಿಸಿ, ಬಿಳಿ ಕಾಗದದ ಮೇಲೆ ಓರೆಯಾಗಿ ಹಿಡಿದು ನೋಡಿ. ನಡುವೆ ಇನ್ನೂ ದಾಳಿಂಬೆ ಕೆಂಪು. ಅಂಚಿಗೆ ಬರುತ್ತಾ ಬಣ್ಣ ತೆಳುವಾಗಿ ಹಳೆಯ ಹೆಂಚಿನಂತೆ ಕಾಣುತ್ತದೆ. ಬಣ್ಣದ ಕಣಗಳೂ ಒಗರಿನ ಟ್ಯಾನಿನ್ನೂ ವರ್ಷಾನುಗಟ್ಟಲೆ ಒಂದಕ್ಕೊಂದು ಅಂಟಿಕೊಂಡು, ಭಾರವಾಗಿ, ತಳಕ್ಕೆ ಇಳಿದಿರುತ್ತವೆ. ಅದಕ್ಕೇ ವೈನ್ ತಿಳಿಯಾಗಿದೆ, ನಾಲಿಗೆಗೆ ನಯವಾಗಿದೆ. ಮೂಗಿಗೆ ಮೊದಲು ತಾಗುವುದು ಒಣಕೊಬ್ಬರಿ ಮತ್ತು ವೆನಿಲ್ಲಾ. ಇವೆರಡೂ ಮರದ ಕೊಡುಗೆ. ಅಮೆರಿಕದ ಓಕ್‌ನಲ್ಲಿ ಹೇರಳವಾಗಿರುವ ಲ್ಯಾಕ್ಟೋನ್ ಎಂಬ ಸಂಯುಕ್ತದ್ದೇ ಆ ಕೊಬ್ಬರಿಯ ಘಮ. ಹತ್ತು ನಿಮಿಷ ಸುಮ್ಮನೆ ಬಿಟ್ಟರೆ ಅದು ಹಿಂದೆ ಸರಿದು ಒಣ ಅಂಜೂರ, ಹೊಗೆಸೊಪ್ಪು, ಚರ್ಮದ ವಾಸನೆ ಮೇಲೆ ಬರುತ್ತದೆ. ತೆಂಪ್ರಾನಿಯೊ ಇದರ ಮುಖ್ಯ ದ್ರಾಕ್ಷಿ, ಜೊತೆಗೆ ಸ್ವಲ್ಪ ಗ್ರಾಸಿಯಾನೊ, ಸ್ವಲ್ಪ ಮಾಸುಯೆಲೊ. ಇಷ್ಟು ವರ್ಷದ ಮೇಲೂ ಬಾಯಲ್ಲಿ ನೀರೂರಿಸುವ ಹುಳಿ ಉಳಿದಿರುವುದಕ್ಕೆ ಈ ಚಿಕ್ಕ ಪಾಲುದಾರರ ಋಣ ದೊಡ್ಡದು. ನುಂಗಿದ ಮೇಲೆ ನಿಲ್ಲುವುದು ಆ ಹುಳಿಯೇ. ಮುಂದಿನ ಗುಟುಕಿಗೆ ಕೈ ತಾನಾಗಿ ಹೋಗುತ್ತದೆ.

ಈಗ ಆಕ್ಷೇಪಗಳು. ಹಣ್ಣಿನ ಸತ್ವ ಕಡಿಮೆಯಿದ್ದ ವರ್ಷಗಳಲ್ಲಿ ಓಕ್ ಯಜಮಾನಿಕೆ ಮಾಡುತ್ತದೆ. ಕೊಬ್ಬರಿಯ ಘಮ ಹಿಂದೆ ಸರಿಯುವುದೇ ಇಲ್ಲ, ನಡುಭಾಗ ಟೊಳ್ಳಾಗಿ ಕಾಣುತ್ತದೆ. ನೀಲಿ ಚೀಟಿ ಕಾಲಕ್ಕೆ ಸಾಕ್ಷಿ, ಗುಣಕ್ಕಲ್ಲ. ಎಷ್ಟು ಕಾಯಿಸಿದರೂ ಬಡ ಹಣ್ಣು ಶ್ರೀಮಂತವಾಗದು ಎನ್ನುವುದನ್ನು ಗ್ರಾನ್ ರಿಸರ್ವಾ ಎಂಬ ಹೆಸರಿಗೆ ಮಾರುಹೋಗುವವರು ಮರೆಯುತ್ತಾರೆ. ಇನ್ನೊಂದು ತಕರಾರು ಬಾಟಲಿಯದು. ಮಂಜು ಹಿಡಿದಂತೆ ಮಬ್ಬಾಗಿಸಿದ ಗಾಜು, ಮುಂದೆ ರೆಂಬ್ರಾಂಟ್ ಬರೆದ ನಿಕೊಲಾಸ್ ಫಾನ್ ಬಾಂಬೆಕ್‌ನ ಭಾವಚಿತ್ರ. ನೆಲಮಾಳಿಗೆಯಿಂದ ಈಗಷ್ಟೇ ತೆಗೆದ ಹಳೆಯ ಬಾಟಲಿ ಎಂಬ ಭಾವನೆ ಹುಟ್ಟಿಸುವ ಈ ವೇಷ ಇಂಥ ವೈನಿಗೆ ಬೇಕಿರಲಿಲ್ಲ, ಒಳಗಿರುವುದು ನಿಜವಾಗಿಯೂ ಹಳೆಯದೇ. ಕೇಡು ಏನೆಂದರೆ, ಹಳೆಯ ವೈನ್ ಬಗ್ಗಿಸುವಾಗ ಕತ್ತಿನ ಹಿಂದೆ ಬೆಳಕು ಹಿಡಿದು ಗಸಿ ಎಲ್ಲಿಗೆ ಬಂತು ಎಂದು ನೋಡಬೇಕು. ಈ ಮಬ್ಬು ಗಾಜಿನಲ್ಲಿ ಅದು ಸರಿಯಾಗಿ ಕಾಣುವುದಿಲ್ಲ. ಅಂದಕ್ಕಾಗಿ ಮಾಡಿದ್ದು ಬಡಿಸುವವರ ಕೆಲಸಕ್ಕೆ ಅಡ್ಡ ಬಂದಿದೆ.

ಹಾಗಾಗಿ ಬಾಟಲಿಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿಡಿ. ಗಸಿ ತಳ ಸೇರಲಿ. ಹಳೆಯ ಬಿರಡೆ ನಡುವೆ ಮುರಿಯುವುದುಂಟು. ತಿರುಪನ್ನು ಅವಸರವಿಲ್ಲದೆ ಪೂರ್ತಿ ಆಳಕ್ಕೆ ಇಳಿಸಿ, ನಿಧಾನಕ್ಕೆ ಎಳೆಯಬೇಕು. ಎರಡು ತೆಳು ಅಲಗುಗಳನ್ನು ಬಿರಡೆಯ ಪಕ್ಕಕ್ಕೆ ಇಳಿಸಿ ತಿರುಗಿಸುವ ಸಾಧನವಿದ್ದರೆ ಇನ್ನೂ ಕ್ಷೇಮ. ಆಮೇಲೆ ಒಂದೇ ಧಾರೆಯಲ್ಲಿ, ಕೈ ಅಲುಗಿಸದೆ, ಗಾಜಿನ ಹೂಜಿಗೆ. ಗಾಜಿನೊಳಗೆ ಕಾಣದಿದ್ದರೂ ಬಾಯಿಂದ ಬೀಳುವ ಧಾರೆಯ ಮೇಲೆ ಫೋನಿನ ಟಾರ್ಚ್ ಹಿಡಿದರೆ ಮೊದಲ ಕಪ್ಪು ಎಳೆ ಕಂಡೇ ಕಾಣುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ತಳದಲ್ಲಿ ಒಂದಿಷ್ಟು ವೈನ್ ಉಳಿದರೆ ಉಳಿಯಲಿ. ಹೂಜಿಯ ಹೊಟ್ಟೆ ಅಗಲವಿರಬಾರದು. ಎಳೆಯ ವೈನಿಗೆ ಗಾಳಿ ಬೇಕು, ಇದು ಪೀಪಾಯಿಯಲ್ಲೇ ಬೇಕಾದಷ್ಟು ಗಾಳಿ ಕುಡಿದಿದೆ. ಗಂಟೆಗಟ್ಟಲೆ ತೆರೆದಿಟ್ಟರೆ ಅಂಜೂರ, ಹೊಗೆಸೊಪ್ಪು ಎರಡೂ ಹಾರಿಹೋಗುತ್ತವೆ.

ಇದಕ್ಕಿಂತ ಹೆಚ್ಚು ವೈನ್ ಕೆಡುವುದು ಉಷ್ಣತೆಯಿಂದ. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಬಡಿಸಬೇಕು ಎಂಬ ಮಾತು ಹುಟ್ಟಿದ್ದು ಹೀಟರ್ ಇಲ್ಲದ ಕಾಲದ ಯೂರೋಪಿನ ಕಲ್ಲಿನ ಮನೆಗಳಲ್ಲಿ. ಈಗಿನ ಬಿಸಿ ಫ್ಲ್ಯಾಟುಗಳಿಗೆ, ಏಪ್ರಿಲ್ ತಿಂಗಳ ಬೆಂಗಳೂರಿಗಂತೂ ಅದು ಹೊಂದುವುದೇ ಇಲ್ಲ. ಗ್ರಾನ್ ರಿಸರ್ವಾ ಸೊಗಸುವುದು 16ರಿಂದ 18 ಡಿಗ್ರಿಯಲ್ಲಿ. 26ಕ್ಕೆ ಹೋದರೆ ಆಲ್ಕೊಹಾಲ್ ಮೂಗಿಗೆ ಚುಚ್ಚಿ ಉಳಿದ ಘಮವನ್ನೆಲ್ಲ ಮುಚ್ಚುತ್ತದೆ. ಬಡಿಸುವ ಮುನ್ನ ಅರ್ಧ ಗಂಟೆ ಫ್ರಿಜ್ಜಿನಲ್ಲಿ ನಿಲ್ಲಿಸಿ, ಗ್ಲಾಸಿನ ಮೂರನೆಯ ಒಂದು ಭಾಗ ಮಾತ್ರ ತುಂಬಿ. ಉಳಿದ ಜಾಗ ಘಮಕ್ಕೆ.

ಜೊತೆಗೆ ಏನು? ರಿಯೊಹಾದವರು ಒಣಗಿದ ದ್ರಾಕ್ಷಿ ಬಳ್ಳಿಯ ಕಡ್ಡಿಗಳನ್ನು ಉರಿಸಿ, ಆ ಕೆಂಡದ ಮೇಲೆ ಕುರಿಮರಿಯ ಪಕ್ಕೆಲುಬನ್ನು ಬರೀ ಉಪ್ಪು ಹಾಕಿ ಸುಡುತ್ತಾರೆ. ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಗೊತ್ತಿಲ್ಲ. ಮಾಂಸ ತಿನ್ನದವರಿಗೆ ಹುರಿದ ಅಣಬೆ, ಗಟ್ಟಿ ಮಾಂಚೆಗೊ ಚೀಸ್ ಚೆನ್ನಾಗಿ ಕೂಡುತ್ತವೆ. ಬ್ಯಾಡಗಿ ಮೆಣಸಿನಕಾಯಿ ಧಾರಾಳವಾಗಿ ಬಿದ್ದ ಸಾರಿನ ಜೊತೆ ಇಟ್ಟರೆ ಮಾತ್ರ ವೈನಿಗೂ ಊಟಕ್ಕೂ ಅನ್ಯಾಯ. ಖಾರ ಆಲ್ಕೊಹಾಲಿನ ಉರಿಯನ್ನು ಹೆಚ್ಚಿಸುತ್ತದೆ, ವರ್ಷಗಳಲ್ಲಿ ಕೂಡಿದ ಮೆಲುರುಚಿಗಳು ಕೇಳಿಸುವುದೇ ಇಲ್ಲ.

ಕೈಗೆಟುಕುವ ಬೆಲೆ ಎಂದು ಮೊದಲೇ ಹೇಳಿದ್ದು ಯೂರೋಪಿನ ಮಾತು. ಅಲ್ಲಿ ಇದು 20 ಯೂರೊ ಆಸುಪಾಸಿಗೆ ಸೂಪರ್‌ಮಾರ್ಕೆಟಿನಲ್ಲೇ ಸಿಗುತ್ತದೆ. ಭಾರತ ದಶಕಗಳ ಕಾಲ ಹೊರಗಿನ ವೈನಿಗೆ 150 ಪ್ರತಿಶತ ಆಮದು ಸುಂಕ ಹಾಕುತ್ತಿತ್ತು, ಅದರ ಮೇಲೆ ರಾಜ್ಯದ ತೆರಿಗೆ ಬೇರೆ. ಇಲ್ಲಿ ಅದನ್ನು ಅಗ್ಗ ಎನ್ನಲಾಗದು. ಲಂಡನ್ನಿನಲ್ಲೋ ಆಮ್‌ಸ್ಟರ್‌ಡ್ಯಾಮಿನಲ್ಲೋ ಇರುವ ಕನ್ನಡಿಗರಿಗೆ ಈ ಅವಕಾಶ ಹತ್ತಿರದ್ದು. ಕೊಳ್ಳುವಾಗ ವರ್ಷ ನೋಡಿ. 2001, 2004, 2005, 2010, 2011 ಇವು ನಿಯಂತ್ರಣ ಮಂಡಳಿ ಅತ್ಯುತ್ತಮ ಎಂದ ವರ್ಷಗಳು. ದೀಪದ ಬುಡದಲ್ಲಿ, ಬೆಚ್ಚನೆಯ ಮೇಲುಹಲಗೆಯಲ್ಲಿ ಬಹುದಿನ ನಿಂತಂತೆ ಕಾಣುವ ಬಾಟಲಿ ಬೇಡ. ಬಿರಡೆ ಕತ್ತಿನಿಂದ ಮೇಲೆ ಉಬ್ಬಿದ್ದರೆ, ಅಥವಾ ವೈನ್ ಭುಜದಿಂದ ಕೆಳಗೆ ಇಳಿದಿದ್ದರೆ, ಎಂಥ ಒಳ್ಳೆಯ ವರ್ಷದ್ದಾದರೂ ಬಿಟ್ಟು ಪಕ್ಕದ್ದನ್ನು ತೆಗೆದುಕೊಳ್ಳಿ.