ನಿಧಿಗೆ ಸೇರದ ನಾಣ್ಯ: ವಿಜಯನಗರದ ಬೆಳ್ಳಿ ತಾರ ಮತ್ತು ನಾಣ್ಯನಿಧಿ ಅಧ್ಯಯನದ ಮಿತಿಗಳು

ಹೆರಾತಿನ ಸುಲ್ತಾನ ಷಾರುಖನ ರಾಯಭಾರಿಯಾಗಿ 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುಲ್ ರಜಾಕನು ಇಮ್ಮಡಿ ದೇವರಾಯನ ಕಾಲದ ನಾಣ್ಯಗಳನ್ನು ಹೆಸರಿಸಿ, ಅವುಗಳ ಪರಸ್ಪರ ಬೆಲೆಯನ್ನು ತಿಳಿಸಿದ್ದಾನೆ. ಚಿನ್ನದಲ್ಲಿ ವರಹ, ಅದರ ಅರ್ಧ ಪ್ರತಾಪ, ಪ್ರತಾಪದ ಹತ್ತನೆಯ ಒಂದು ಪಾಲು ಹಣ. ಶುದ್ಧ ಬೆಳ್ಳಿಯಲ್ಲಿ ಹಣದ ಆರನೆಯ ಒಂದು ಪಾಲಿನ ತಾರ. ತಾಮ್ರದಲ್ಲಿ ತಾರದ ಮೂರನೆಯ ಒಂದು ಪಾಲಿನ ಜಿತಲ್. ಇವುಗಳಲ್ಲಿ ಎರಡು ನಾಣ್ಯಗಳು ವ್ಯವಹಾರಕ್ಕೆ ಬಹಳ ಉಪಯುಕ್ತವೆಂದು ಅವನು ಪ್ರತ್ಯೇಕವಾಗಿ ಹೇಳುತ್ತಾನೆ. ಒಂದು ಹಣ, ಇನ್ನೊಂದು ತಾರ. ವಿಜಯನಗರದ ನಾಣ್ಯಗಳ ಕುರಿತ ಚರ್ಚೆಯಲ್ಲಿ ಈ ಭಾಗ ಮತ್ತೆ ಮತ್ತೆ ಉಲ್ಲೇಖಗೊಂಡಿದೆ. ಆದರೆ ತಾರದ ಬಗೆಗಿನ ಮಾತಿಗೆ ಸಲ್ಲಬೇಕಾದ ಗಮನ ಸಂದಿಲ್ಲ. ಪೇಟೆಯಲ್ಲಿ ದಿನವೂ ಕೈಬದಲಾಗುತ್ತಿದ್ದ ನಾಣ್ಯವೊಂದು ಇಂದು ವಸ್ತುಸಂಗ್ರಹಾಲಯದಲ್ಲಿಯೂ ಸಂಗ್ರಾಹಕರ ಪೆಟ್ಟಿಗೆಯಲ್ಲಿಯೂ ವಿರಳವಾಗಿರುವುದೇಕೆ ಎಂಬ ಪ್ರಶ್ನೆಗೆ, ಬೆಳ್ಳಿಯನ್ನು ಕಡಿಮೆ ಟಂಕಿಸಲಾಗುತ್ತಿತ್ತು ಎಂಬ ಉತ್ತರವನ್ನು ಕೊಟ್ಟು ಮುಂದೆ ಸಾಗುವುದು ವಾಡಿಕೆಯಾಗಿದೆ. ಈ ಉತ್ತರವನ್ನು ಪುನರ್‌ಪರಿಶೀಲಿಸಬೇಕಾದ ಅಗತ್ಯವಿದೆ.

ಮೊದಲು ನಾಣ್ಯದ ಗಾತ್ರವನ್ನು ನೋಡಬಹುದು. ವರಹದ ತೂಕ ಸುಮಾರು 3.4 ಗ್ರಾಂ. ಹಣ ಅದರ ಹತ್ತನೆಯ ಒಂದು ಪಾಲಿನಷ್ಟು. ತಾರವಾದರೋ ಅರ್ಧ ಗ್ರಾಮಿಗೂ ಕಡಿಮೆ. ಅಕ್ಕಸಾಲಿಗನ ತಕ್ಕಡಿಯ ಲೆಕ್ಕದಲ್ಲಿ ಮೂರು ಗುಲಗಂಜಿಯ ಆಸುಪಾಸು. ಬೆರಳ ತುದಿಯಲ್ಲಿ ಅಂಟಿಕೊಂಡರೆ ಕಾಣದಷ್ಟು ಸಣ್ಣದು. ಅದರ ಮೇಲಿನ ಅಕ್ಷರಗಳೂ ಪೂರ್ತಿಯಾಗಿ ಮೂಡುವುದು ಅಪರೂಪ. ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಹೀಗಾಗಿ ಅರಸನ ಹೆಸರಿನ ಒಂದೆರಡು ಅಕ್ಷರ ಮಾತ್ರ ಉಳಿದಿರುತ್ತದೆ.

ಈ ಕಾರಣದಿಂದಲೇ ಆರಂಭಕಾಲದ ವಿದ್ವಾಂಸರಿಗೆ ತಾರ ಒಗ್ಗಲಿಲ್ಲ. 1886ರಲ್ಲಿ ಪ್ರಕಟವಾದ ವಾಲ್ಟರ್ ಎಲಿಯಟ್‌ನ ದಕ್ಷಿಣ ಭಾರತದ ನಾಣ್ಯಗಳ ಗ್ರಂಥವಾಗಲಿ, ವಿಜಯನಗರದ ಅರಸರ ನಾಣ್ಯಗಳನ್ನು ಕುರಿತು ಹುಲ್ಷ್ 1891ರಲ್ಲಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಬರೆದ ಲೇಖನವಾಗಲಿ ಅಡಿಪಾಯದ ಕೆಲಸಗಳೆಂಬುದರಲ್ಲಿ ಸಂದೇಹವಿಲ್ಲ. ಹುಲ್ಷ್ ಮೂಲತಃ ಶಾಸನತಜ್ಞ. ಅವನ ಕಣ್ಣಿಗೆ ನಾಣ್ಯವೂ ಒಂದು ಚಿಕ್ಕ ಶಾಸನ. ಅದರಲ್ಲಿ ಓದಬೇಕಾದುದು ಅರಸನ ಹೆಸರು ಮತ್ತು ಬಿರುದು. ಈ ದೃಷ್ಟಿಯಿಂದ ಹರಿಹರನ ಉಮಾಮಹೇಶ್ವರ, ಕೃಷ್ಣದೇವರಾಯನ ಬಾಲಕೃಷ್ಣ, ಅಚ್ಯುತರಾಯನ ಗಂಡಭೇರುಂಡ ಇವೆಲ್ಲ ಸಮೃದ್ಧ ಆಕರಗಳಾದವು. ಅರೆಬರೆ ಅಕ್ಷರದ ತಾರ ಹಿಂದೆ ಸರಿಯಿತು. ಎ.ವಿ. ನರಸಿಂಹಮೂರ್ತಿಯವರ 'ದಿ ಕಾಯಿನ್ಸ್ ಆಫ್ ಕರ್ನಾಟಕ' (1975) ಶಾಸನಗಳಲ್ಲಿ ಬರುವ ನಾಣ್ಯನಾಮಗಳನ್ನು ನಾಣ್ಯಗಳ ಜೊತೆಗಿಟ್ಟು ಅಧ್ಯಯನದ ಹರಹನ್ನು ಹಿಗ್ಗಿಸಿತು. ಕೆ. ಗಣೇಶ್ ಮತ್ತು ಗಿರಿಜಾಪತಿಯವರ 1997ರ ಗ್ರಂಥ ಸಂಗ್ರಾಹಕರ ಅನುಭವದಿಂದ ರೂಪುಗೊಂಡದ್ದು. ಪ್ರಕಾರಗಳನ್ನು ಗುರುತಿಸುವವರಿಗೆ ಅದು ಅನಿವಾರ್ಯ. ಆದರೂ ನಾಣ್ಯ ಯಾವುದು, ಯಾರದು ಎಂಬ ಪ್ರಶ್ನೆಗಳು ಈ ಪರಂಪರೆಯಲ್ಲಿ ಪಡೆದ ಮನ್ನಣೆಯನ್ನು ಅದು ಎಲ್ಲಿ, ಯಾವುದರ ಜೊತೆಗೆ, ಯಾವ ಪಾತ್ರೆಯಲ್ಲಿ ಅಥವಾ ಬಟ್ಟೆಯಲ್ಲಿ ಇತ್ತು ಎಂಬ ಪ್ರಶ್ನೆಗಳು ಪಡೆಯಲಿಲ್ಲ.

ಇಲ್ಲಿ ಮಧ್ಯಯುಗದ ಫ್ರಾನ್ಸಿನ ಉದಾಹರಣೆ ಉಪಯುಕ್ತವಾದೀತು. 2017ರ ಸೆಪ್ಟೆಂಬರಿನಲ್ಲಿ ಕ್ಲೂನಿಯ ಪ್ರಸಿದ್ಧ ಕ್ರೈಸ್ತ ಮಠದ ಆವರಣದಲ್ಲಿ ನಡೆದ ಉತ್ಖನನದಲ್ಲಿ ಹನ್ನೆರಡನೆಯ ಶತಮಾನದ ನಿಕ್ಷೇಪವೊಂದು ದೊರೆಯಿತು. ಅದರಲ್ಲಿ 2,200ಕ್ಕೂ ಹೆಚ್ಚು ಸಣ್ಣ ಬೆಳ್ಳಿ ನಾಣ್ಯಗಳಿದ್ದವು: ದೆನಿಯೆ ಮತ್ತು ಅದರ ಅರ್ಧವಾದ ಒಬೋಲ್. ಹೆಚ್ಚಿನವು ಮಠದ ಟಂಕಸಾಲೆಯಲ್ಲಿಯೇ ಅಚ್ಚಾದವು. ಅವುಗಳ ಜೊತೆಗೆ ಹದಮಾಡಿದ ತೊಗಲಿನ ಗಂಟಿನಲ್ಲಿ 21 ಚಿನ್ನದ ದಿನಾರಗಳು ಮತ್ತು ಒಂದು ಮುದ್ರೆಯುಂಗುರ. ದಿನಾರಗಳು 1121ರಿಂದ 1131ರ ನಡುವೆ ಸ್ಪೇನ್ ಹಾಗೂ ಮೊರಾಕ್ಕೊಗಳಲ್ಲಿ ಅಚ್ಚಾದವು. ಚಿನ್ನ ತೊಗಲಿನ ಗಂಟಿನಲ್ಲಿ ಬೇರೆಯಾಗಿ ಇತ್ತು, ಬೆಳ್ಳಿ ಅದರ ಸುತ್ತ ಇನ್ನೊಂದು ಚೀಲದಲ್ಲಿತ್ತು ಎಂಬ ವಿವರ ಉಳಿದದ್ದು ಅದನ್ನು ನೆಲದಿಂದ ಎತ್ತಿದವರು ಪುರಾತತ್ವಜ್ಞರಾಗಿದ್ದುದರಿಂದ. ಗುದ್ದಲಿಗೆ ಸಿಕ್ಕಿ ಅಂಗಡಿಗೆ ಹೋಗಿದ್ದರೆ ಬೆಳ್ಳಿ ಒಂದು ಕಡೆಗೆ, ಚಿನ್ನ ಇನ್ನೊಂದು ಕಡೆಗೆ, ತೊಗಲಿನ ಚೂರು ಕಸಕ್ಕೆ ಸೇರುತ್ತಿತ್ತು.

ಆದರೆ ಕ್ಲೂನಿಯ ಪಾಠವನ್ನು ಹಾಗೆಯೇ ಹಂಪೆಗೆ ತಂದು ಹೊಂದಿಸುವುದು ಸಾಧುವಲ್ಲ. ಎಂಟನೆಯ ಶತಮಾನದ ನಡುವಿನಿಂದ ಒಂಬತ್ತನೆಯ ಲೂಯಿ 1266ರಲ್ಲಿ ಹನ್ನೆರಡು ದೆನಿಯೆ ಬೆಲೆಯ ಗ್ರೋ ನಾಣ್ಯವನ್ನು ಹೊರಡಿಸುವವರೆಗೆ ಫ್ರಾನ್ಸಿನಲ್ಲಿ ಟಂಕಿತವಾದ ನಾಣ್ಯವೆಂದರೆ ಬಹುಮಟ್ಟಿಗೆ ದೆನಿಯೆ ಮತ್ತು ಅದರ ಅರ್ಧ ಮಾತ್ರ. ಕೂಡಿಡುವವನಿಗೆ ಬೇರೆ ದಾರಿಯಿರಲಿಲ್ಲ. ಸಾವಿರಗಟ್ಟಲೆ ಸಣ್ಣ ಬೆಳ್ಳಿಯನ್ನೇ ಹುಗಿದಿಡಬೇಕಾಗಿತ್ತು. ವಿಜಯನಗರದ ಗೃಹಸ್ಥನ ಸ್ಥಿತಿ ಇದಕ್ಕೆ ತೀರ ಭಿನ್ನ. ಆರು ತಾರಕ್ಕೆ ಒಂದು ಹಣ, ಹತ್ತು ಹಣಕ್ಕೆ ಒಂದು ವರಹ ಎಂಬ ಶಾಸನೋಕ್ತ ಲೆಕ್ಕವನ್ನು ಹಿಡಿದರೆ ಸಾವಿರ ತಾರಗಳು ಹದಿನೇಳು ವರಹಕ್ಕೂ ತುಸು ಕಡಿಮೆ. ರಜಾಕನ ಲೆಕ್ಕದಂತೆ ಇಪ್ಪತ್ತು ಹಣಕ್ಕೆ ಒಂದು ವರಹವಾದರೆ ಎಂಟು ವರಹ, ಅದರ ಮೇಲೊಂದಿಷ್ಟು. ಹಣದ ಚಿನ್ನದ ಮಟ್ಟ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತಿದ್ದುದರಿಂದ ಇಂಥ ವ್ಯತ್ಯಾಸ ಅಸಹಜವೇನಲ್ಲ. ಎರಡರಲ್ಲಿ ಯಾವುದನ್ನು ಒಪ್ಪಿದರೂ ಫಲಿತಾಂಶ ಒಂದೇ: ಒಂದು ಹಿಡಿಯೊಳಗೆ ಅಡಗುವ ಚಿನ್ನವಿರುವಾಗ ಯಾರೂ ಗಡಿಗೆಯ ತುಂಬ ತಾರ ತುಂಬಿ ಹೂಳುವುದಿಲ್ಲ. ಉಳಿತಾಯಕ್ಕೆ ತಿರುಗುವ ಮೊದಲೇ ತಾರ ಚಿನಿವಾರನ ಕೈಯಲ್ಲಿ ಹಣವಾಗಿ ಮಾರ್ಪಟ್ಟಿರುತ್ತದೆ. ನಿಧಿಯೆಂಬುದು ಉಳಿಸಿದ್ದರ ದಾಖಲೆ. ಖರ್ಚು ಮಾಡಿದ್ದರ ದಾಖಲೆಯಲ್ಲ. ನಿಧಿಗಳಲ್ಲಿ ಬೆಳ್ಳಿಯಿಲ್ಲವೆಂಬುದರಿಂದ ಪೇಟೆಯಲ್ಲಿಯೂ ಬೆಳ್ಳಿ ಇರಲಿಲ್ಲವೆಂದು ತೀರ್ಮಾನಿಸುವುದು ಕಣಜವನ್ನು ನೋಡಿ ಅಡುಗೆಮನೆಯ ಲೆಕ್ಕ ಹೇಳಿದಂತೆ.

ಕರ್ನಾಟಕದ ನೆಲದಲ್ಲಿ ಬೆಳ್ಳಿ ನಿಕ್ಷೇಪಗಳೇ ಇಲ್ಲವೆಂದಲ್ಲ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ 163, ಎಚ್.ಎ.ಎಲ್. ಪ್ರದೇಶದಲ್ಲಿ 1965ರಲ್ಲಿ 256 ರೋಮನ್ ದಿನಾರಿಯಸ್‌ಗಳು ದೊರೆತಿವೆ. ಫ್ರೆಂಚರ ದೆನಿಯೆ, ಅರಬರ ದಿನಾರ ಎರಡೂ ಈ ದಿನಾರಿಯಸ್ಸಿನ ಹೆಸರನ್ನೇ ಹೊತ್ತಿವೆ. ಆದರೆ ಇವು ದೂರದೇಶದಿಂದ ಬಂದ ಲೋಹದ ರೂಪದ ಸಂಪತ್ತು, ಸಂತೆಯ ಚಿಲ್ಲರೆಯಲ್ಲ. ತಾರದ ಜೊತೆಗೆ ಇವನ್ನು ಹೋಲಿಸಲಾಗದು.

ತಾರದ ಬೆಲೆಯ ಬಗೆಗೆ ಇನ್ನೊಂದು ತೊಡಕು ಗಮನಕ್ಕೆ ಬರಬೇಕು. ಶಾಸನಗಳ ಚಿಲ್ಲರೆ ಲೆಕ್ಕ ನಾಲ್ಕರ ಗುಣಕದಲ್ಲಿ ಸಾಗುತ್ತದೆ. ಹಣದ ನಾಲ್ಕನೆಯ ಒಂದು ಹಾಗ, ಹದಿನಾರನೆಯ ಒಂದು ವೀಸ. ಆರರ ಲೆಕ್ಕದ ತಾರ ಇದರೊಳಗೆ ಕೂರುವುದಿಲ್ಲ. ಒಂದು ಹಾಗಕ್ಕೆ ಒಂದೂವರೆ ತಾರವಾಗುತ್ತದೆ. 1510ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ಇಟಲಿಯ ವರ್ತೇಮಾ ಹಣವೊಂದಕ್ಕೆ ಹದಿನಾರು ತಾರವೆನ್ನುತ್ತಾನೆ. ಅಂದರೆ ಅವನ ತಾರ ವೀಸದ ಬೆಲೆಗೆ ಇಳಿದಿದೆ. ಇಬ್ಬರಲ್ಲಿ ಒಬ್ಬ ತಪ್ಪಿದನೆಂದು ಹೇಳುವುದು ಸುಲಭ. ಆರು ದಶಕಗಳ ಅಂತರದಲ್ಲಿ ಬೆಳ್ಳಿಯ ತುಣುಕು ಹಗುರಾಗಿ ಜನರ ನಾಲಗೆಯ ಮೇಲಿದ್ದ ವೀಸದ ಲೆಕ್ಕಕ್ಕೆ ಹೊಂದಿಕೊಂಡಿರುವ ಸಾಧ್ಯತೆಯನ್ನೂ ಪರಿಶೀಲಿಸಬೇಕು. ಅದನ್ನು ಪರೀಕ್ಷಿಸುವ ಮಾರ್ಗ ತೂಕ ಮಾತ್ರ: ದೇವರಾಯರ ಕಾಲದ ತಾರಗಳನ್ನೂ ಅನಂತರದವುಗಳನ್ನೂ ಒಂದೊಂದಾಗಿ ತೂಗಿ ಪಟ್ಟಿಮಾಡಬೇಕು. ಚಿತ್ರಪಟಗಳ ಸೌಂದರ್ಯಕ್ಕಿಂತ ಇಂಥ ನೀರಸ ಪಟ್ಟಿಗಳು ಹೆಚ್ಚು ಹೇಳಬಲ್ಲವು.

ಹಾಗಾದರೆ ಚಲಾವಣೆಯಿಂದ ಹೊರಬಿದ್ದ ತಾರಗಳು ಎಲ್ಲಿ ಹೋದವು? ಈ ಪ್ರಶ್ನೆಗೆ ನಾಣ್ಯಶಾಸ್ತ್ರಕ್ಕಿಂತ ಜಾನಪದ ಅಧ್ಯಯನ ಹೆಚ್ಚು ನೆರವಾಗಬಲ್ಲದು. ಮೊದಲ ದಾರಿ ಅಕ್ಕಸಾಲಿಗನ ಕುಲುಮೆ. ವಿಜಯನಗರದ ಜನರು ಮೇಲುಕೀಳೆನ್ನದೆ ಕಿವಿ, ಕೊರಳು, ತೋಳು, ಬೆರಳುಗಳಿಗೆ ಆಭರಣ ಧರಿಸುತ್ತಿದ್ದುದನ್ನು ರಜಾಕನೇ ಬಣ್ಣಿಸಿದ್ದಾನೆ. ಬಡವರ ಮೈಮೇಲೆ ಬೆಳ್ಳಿಯಿರಬೇಕಾದರೆ ಅದಕ್ಕೆ ಮೂಲಧಾತು ಒದಗಬೇಕಷ್ಟೆ. ನಾಣ್ಯ ಒಡವೆಯಾಗುವ ಪರಿಪಾಠ ಈ ಸೀಮೆಯಲ್ಲಿ ಈಗಲೂ ಕಣ್ಣಿಗೆ ಕಾಣುವಂಥದು. ಹೊಸಪೇಟೆಯಿಂದ ಸ್ವಾಮಿಹಳ್ಳಿಗೆ ಹೋಗುವ ರೈಲುದಾರಿಯಲ್ಲಿರುವ ಯಶವಂತನಗರ ಮತ್ತು ಅದರ ಸುತ್ತಣ ಸಂಡೂರು ಸೀಮೆ ಲಂಬಾಣಿ ಕಸೂತಿಗೆ ಹೆಸರಾದದ್ದು. 1984ರಲ್ಲಿ ಆರಂಭವಾದ ಸಂಡೂರು ಕುಶಲ ಕಲಾ ಕೇಂದ್ರ ಈ ಕಲೆಯನ್ನು ಹೊರಲೋಕಕ್ಕೆ ಪರಿಚಯಿಸಿತು, 2010ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಲಂಬಾಣಿ ಹೆಣ್ಣುಮಕ್ಕಳ ಉಡುಗೆಯಲ್ಲಿ ಕನ್ನಡಿ, ಕವಡೆಗಳ ಜೊತೆಗೆ ನಾಣ್ಯವೂ ಸೇರುತ್ತದೆ. ತೂತು ಕೊರೆದ, ಕೊಂಡಿ ಬೆಸೆದ ನಾಣ್ಯವನ್ನು ಸಂಗ್ರಾಹಕ ಕೆಟ್ಟದ್ದೆಂದು ಬದಿಗಿಡುತ್ತಾನೆ. ಅಧ್ಯಯನಕಾರನಿಗೆ ಆ ತೂತೇ ಒಂದು ದಾಖಲೆ. ಉತ್ತರ ಕರ್ನಾಟಕದ ಪುತಳಿ ಸರದ ಹೆಸರಿನ ಹಿಂದೆ ವೆನಿಸ್ಸಿನ ಡುಕಾಟ್ ಇದೆ. ಅದರ ಮೇಲಿನ ಮನುಷ್ಯಾಕೃತಿಗಳನ್ನು ಕಂಡು ನಮ್ಮವರು ಅದನ್ನು ಪುತಳಿ ಎಂದರು. ಸಂತ ಮಾರ್ಕನೂ ಅವನೆದುರು ಮೊಣಕಾಲೂರಿದ ವೆನಿಸ್ಸಿನ ಒಡೆಯನೂ ಹೀಗೆ ಮದುವಣಗಿತ್ತಿಯ ಕೊರಳಿಗೆ ಬಂದರು. ದಪ್ಪ ಚಿನ್ನದ ಡುಕಾಟ್ ಆಕಾರ ಉಳಿಸಿಕೊಂಡು ಸರವಾಯಿತು. ತೆಳು ಬೆಳ್ಳಿಯ ತಾರ ಕರಗಿ ಕಾಲುಂಗುರವಾದರೆ ಗುರುತೇ ಉಳಿಯುವುದಿಲ್ಲ.

ಎರಡನೆಯ ದಾರಿ ಹರಕೆ. ಅರಿಸಿನದ ಬಟ್ಟೆಯಲ್ಲಿ ನಾಣ್ಯ ಕಟ್ಟಿ ದೇವರ ಹೆಸರಿನಲ್ಲಿ ಮುಡಿಪಿಡುವುದು, ಮನೆಯ ಬುನಾದಿಗೂ ಹೊಸ್ತಿಲ ಅಡಿಗೂ ನಾಣ್ಯ ಹಾಕುವುದು, ಹೊಳೆ ದಾಟುವಾಗ ಗಂಗಮ್ಮನಿಗೆ ಕಾಸು ಬಿಡುವುದು ಇವೆಲ್ಲ ತುಂಗಭದ್ರೆಯ ದಂಡೆಯ ಬದುಕಿಗೆ ಸೇರಿದವು. ಇಂಥಲ್ಲಿ ಬಳಕೆಯಾಗುವುದು ಕೈಗೆ ನಿಲುಕುವ ಚಿಕ್ಕ ನಾಣ್ಯ. ಹೊಳೆಯ ಮರಳಿನಲ್ಲಿಯೋ ಪಾಳು ಮನೆಯ ಅಡಿಯಲ್ಲಿಯೋ ದೊರೆಯುವ ಒಂಟಿ ನಾಣ್ಯವನ್ನು ಸೂಚಿಗಳು 'ಬಿಡಿ ಶೋಧ' ಎಂದು ಕರೆದು ಕಳೆದುಹೋದದ್ದೆಂದು ಭಾವಿಸುತ್ತವೆ. ಕಡವಿನ ಬಳಿ ಸಿಕ್ಕ ತಾರ ಜಾರಿಬಿದ್ದುದಾಗಿರಬೇಕಿಲ್ಲ, ಬಿಟ್ಟುದಾಗಿರಬಹುದು. ಇವೆರಡನ್ನು ಬೇರ್ಪಡಿಸಲು ನಾಣ್ಯಕ್ಕಿಂತ ಅದು ದೊರೆತ ಜಾಗ ಮುಖ್ಯ.

ಪರಿಭಾಷೆಯ ದೋಷವೂ ಇಲ್ಲಿ ಪಾಲುಗೊಂಡಿದೆ. ಭೂದಾನದ ಶಾಸನಗಳಲ್ಲಿ ಬರುವ ಅಷ್ಟಭೋಗಗಳಲ್ಲಿ ನಿಧಿ ಮತ್ತು ನಿಕ್ಷೇಪ ಎರಡು ಬೇರೆ ಬೇರೆ ಹಕ್ಕುಗಳು. ಒಡೆಯನಿಲ್ಲದೆ ನೆಲದಲ್ಲಿ ಕಾಣಿಸಿಕೊಳ್ಳುವುದು ನಿಧಿ. ಯಾರೋ ಉದ್ದೇಶಪಟ್ಟು ಇರಿಸಿದುದು ನಿಕ್ಷೇಪ. ಹಳೆಯ ಬರಹಗಾರರು ಕಾಪಾಡಿಕೊಂಡಿದ್ದ ಈ ವಿವೇಕವನ್ನು ಇಂದಿನ ಬರವಣಿಗೆ ಬಿಟ್ಟುಕೊಟ್ಟು ಎಲ್ಲವನ್ನೂ 'ನಾಣ್ಯನಿಧಿ' ಎಂದಿತು. ಆ ಮಾತಿನ ಬೆನ್ನಿಗೆ ವಿದ್ಯಾರಣ್ಯರ ಸುವರ್ಣವೃಷ್ಟಿ, ಹಾವು ಕಾಯುವ ಹೊನ್ನಿನ ಕೊಪ್ಪರಿಗೆ ಮೊದಲಾದ ಐತಿಹ್ಯಗಳು ತಾವಾಗಿ ಬರುತ್ತವೆ. ಅರಮನೆಯ ಭಂಡಾರದಲ್ಲಿ ಗುಂಡಿ ತೋಡಿ ಕರಗಿದ ಚಿನ್ನ ತುಂಬಿದ್ದಾರೆಂದು ರಜಾಕನು ಬರೆದುದೂ ಇದೇ ಕಲ್ಪನೆಯನ್ನು ಪೋಷಿಸಿತು. ಐತಿಹ್ಯಗಳು ಜನಮನಸ್ಸಿನ ಅಧ್ಯಯನಕ್ಕೆ ಬೆಲೆಯುಳ್ಳವು. ಆದರೆ ಅವುಗಳ ಹೊನ್ನಿನ ಮೋಹ ಹಂಪೆಯ ಗುಡಿಗಳ ಗರ್ಭಗೃಹಗಳನ್ನು ಅಗೆಯಿಸಿದೆ. ನಿಧಿಗಳ್ಳ ಅಗೆದ ಗುಂಡಿಯ ಮಣ್ಣಿನಲ್ಲಿ ಮೂರು ಗುಲಗಂಜಿ ತೂಕದ ಬೆಳ್ಳಿಯಿದ್ದರೆ ಅದು ಅವನಿಗೂ ಬೇಡ, ಆಮೇಲೆ ಬಂದವರಿಗೂ ಕಾಣದು.

ಕಾನೂನಿನ ಚರಿತ್ರೆಯೂ ಇದಕ್ಕೆ ಹೊರತಲ್ಲ. 1878ರ ಭಾರತೀಯ ನಿಧಿ ಕಾಯಿದೆಯಂತೆ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ವಸ್ತು ನೆಲದಲ್ಲಿ ದೊರೆತರೆ ಅದರ ಸ್ವರೂಪ, ಬೆಲೆ, ದೊರೆತ ಸ್ಥಳ, ದಿನಾಂಕಗಳನ್ನು ಜಿಲ್ಲಾಧಿಕಾರಿಗೆ ಬರೆದು ತಿಳಿಸಬೇಕಿತ್ತು. ಸ್ಥಳ ಮತ್ತು ದಿನಾಂಕಗಳನ್ನು ಕೇಳುವುದರಲ್ಲಿ ಈ ಕಾಯಿದೆ ಅನೇಕ ನಾಣ್ಯಸೂಚಿಗಳಿಗಿಂತ ಮುಂದಿತ್ತು. ಆದರೆ ಆ ಕಾಲದ ಹತ್ತು ರೂಪಾಯಿಯ ಮಿತಿಯೊಳಗೆ ಬೊಗಸೆ ತುಂಬ ತಾರ ಸದ್ದಿಲ್ಲದೆ ಅಡಗಿಹೋಗುತ್ತಿತ್ತು. ಹೊಸಪೇಟೆ, ಹಂಪೆ, ಕಂಪ್ಲಿಗಳು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದರೆ, ಘೋರ್ಪಡೆ ಮನೆತನದ ಸಂಡೂರು 1949ರವರೆಗೆ ಪ್ರತ್ಯೇಕ ಸಂಸ್ಥಾನವಾಗಿತ್ತು. ಬ್ರಿಟಿಷ್ ಭಾರತದ ಕಾಯಿದೆ ಅಲ್ಲಿಗೆ ತಾನಾಗಿ ಅನ್ವಯಿಸುತ್ತಿರಲಿಲ್ಲ. ರಾಜಧಾನಿಯ ಬೆನ್ನಿಗಿರುವ ಈ ಕಣಿವೆಯ ಶೋಧಗಳನ್ನು ಹುಡುಕುವವರು ಬಳ್ಳಾರಿಯ ಕಡತಗಳಲ್ಲಿ ಮಾತ್ರ ಹುಡುಕಿದರೆ ಸಾಲದು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಹೊಸಪೇಟೆ, ಹಂಪೆಗಳು ಹೊಸ ಜಿಲ್ಲೆಗೆ ಹೋಗಿ ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲಿಯೇ ಉಳಿದವು. ಒಂದು ಕಾಲದಲ್ಲಿ ಒಂದೇ ಪೇಟೆಯ ಚಿಲ್ಲರೆ ಓಡಾಡಿದ ನೆಲ ಈಗಲೂ ಎರಡು ಕಚೇರಿಗಳ ಕಡತಗಳಲ್ಲಿ ಹಂಚಿಹೋಗಿದೆ. ಕಬ್ಬಿಣದ ಅದಿರಿಗಾಗಿ ಸಂಡೂರಿನ ಬೆಟ್ಟದ ಮಣ್ಣು ಮೇಲುಕೆಳಗಾದ ವೇಗವನ್ನು ನೆನೆದರೆ, ತೂಕ, ತೂತು, ಜೊತೆಯ ವಸ್ತು, ದೊರೆತ ಜಾಗ ಇವನ್ನು ದಾಖಲಿಸುವ ಗ್ರಾಮವಾರು ಸಮೀಕ್ಷೆಯನ್ನು ಯಶವಂತನಗರದಂಥ ಊರುಗಳಿಂದಲೇ ತೊಡಗುವುದು ಉಚಿತ. ಅಲ್ಲಿ ಕೇಳಬೇಕಾದವರ ಪಟ್ಟಿಯಲ್ಲಿ ಅಕ್ಕಸಾಲಿಗರೂ ಗುಡಿಯ ಪೂಜಾರಿಗಳೂ ತಾಂಡಾದ ಹಿರಿಯ ಹೆಣ್ಣುಮಕ್ಕಳೂ ಇರಬೇಕು.