ಪಾಟ್ಟಬಾಕ್ಕಿ, ಗೇಣಿಬಾಕಿ, ಕೌಲುಬಾಕಿ

ಮಲಯಾಳದ ಮೊದಲ ರಾಜಕೀಯ ನಾಟಕವೆಂದು ಹೆಸರಾದ ಕೆ. ದಾಮೋದರನ್ ಅವರ ಕೃತಿಯ ಶೀರ್ಷಿಕೆ 'ಪಾಟ್ಟಬಾಕ್ಕಿ'. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಗೇಣಿಬಾಕಿ. ಪೊನ್ನಾನಿ ತಾಲೂಕಿನ ರೈತ ಸಮ್ಮೇಳನಕ್ಕಾಗಿ 1937ರಲ್ಲಿ ಅವಸರದಿಂದ ಬರೆದು ಆಡಿದ ನಾಟಕವಿದು. ಕನ್ನಡದಲ್ಲಿ ಇಂಥ ಶೀರ್ಷಿಕೆಯನ್ನು ನಮ್ಮ ಯಾವ ದೊಡ್ಡ ಲೇಖಕರೂ ತಮ್ಮ ಮುಖ್ಯ ಕೃತಿಗೆ ಇಟ್ಟುಕೊಳ್ಳಲಿಲ್ಲ. ಇದು ಆಕಸ್ಮಿಕವಿರಬಹುದು. ಆದರೂ ಎರಡು ಭಾಷೆಗಳ ನಡುವೆ ಬದುಕುವ ನಾವು ಕೇಳಬಹುದಾದ ಪ್ರಶ್ನೆಯೊಂದು ಇಲ್ಲಿದೆ. ಬಾಕಿ ತೀರಿಸಲಾಗದೆ ಒಕ್ಕಲೆಬ್ಬಿಸಿಕೊಂಡ ಮನೆಯ ಕಥೆಯನ್ನು ನಮ್ಮ ಸಾಹಿತ್ಯ ಹೇಗೆ ಹೇಳಿದೆ? ಯಾರ ಕಥೆಯನ್ನು ಹೇಳದೆ ಬಿಟ್ಟಿದೆ?

'ಪಾಟ್ಟಬಾಕ್ಕಿ'ಯ ಕಥೆ ಸರಳ. ಕಿಟ್ಟುಣ್ಣಿಯ ದುಡಿಮೆಯಿಂದ ತಾಯಿ, ತಂಗಿ ಕುಂಞಿಮಾಳು, ಚಿಕ್ಕ ತಮ್ಮ ಇವರೆಲ್ಲ ಬದುಕಬೇಕು. ಪಾಟ್ಟ ಬಾಕಿಯಾಗುತ್ತದೆ. ವಸೂಲಿಗೆ ಬಂದ ಜನ್ಮಿಯ ಕಾರ್ಯಸ್ಥನ ಕಣ್ಣು ಕುಂಞಿಮಾಳುವಿನ ಮೇಲೆ ಬೀಳುತ್ತದೆ. ಆಕೆ ಒಪ್ಪುವುದಿಲ್ಲ, ಮನೆ ಹೋಗುತ್ತದೆ. ಹಸಿದವರಿಗಾಗಿ ಅಕ್ಕಿ ಕದ್ದ ಕಿಟ್ಟುಣ್ಣಿ ಜೈಲಿಗೆ ಹೋಗಿ ಮರಳುವಷ್ಟರಲ್ಲಿ ತಂಗಿ ಮೈಮಾರಿ ಬದುಕುವ ಸ್ಥಿತಿಗೆ ಬಂದಿರುತ್ತಾಳೆ. ಕಲೆಯ ದೃಷ್ಟಿಯಿಂದ ನಾಟಕದಲ್ಲಿ ಕುಂದುಗಳಿವೆ. ಕೆಟ್ಟವನು ತೀರ ಕೆಟ್ಟವನು, ಕೊನೆಯ ತಿಳಿವಳಿಕೆ ಭಾಷಣದ ಧಾಟಿಯದು. ಆದರೆ ಒಂದು ಸಂಗತಿಯನ್ನು ದಾಮೋದರನ್ ತಪ್ಪಿಲ್ಲದೆ ಕಂಡಿದ್ದಾರೆ: ಲೆಕ್ಕದ ಪುಸ್ತಕದಲ್ಲಿ ಬಾಕಿ ಗಂಡಸಿನ ಹೆಸರಿನಲ್ಲಿರುತ್ತದೆ, ಅದನ್ನು ಕೇಳುವುದು ಹೆಣ್ಣಿನ ಬಳಿ.

ಇದಕ್ಕೆ ನಾಲ್ಕು ವರ್ಷ ಮೊದಲು, 1933ರಲ್ಲಿ, ಶಿವರಾಮ ಕಾರಂತರ 'ಚೋಮನ ದುಡಿ' ಬಂದಿತ್ತು. ಚೋಮನನ್ನು ಒಕ್ಕಲೆಬ್ಬಿಸುವ ಪ್ರಶ್ನೆಯೇ ಇಲ್ಲ, ಏಕೆಂದರೆ ಅವನು ಎಂದೂ ಒಕ್ಕಲಾದವನಲ್ಲ. ಒಂದು ತುಂಡು ಗದ್ದೆಯನ್ನು ಗೇಣಿಗೆ ಪಡೆಯುವುದೇ ಅವನ ಜೀವಮಾನದ ಆಸೆ. ಅದಕ್ಕೆ ಅಡ್ಡ ಬರುವುದು ಅವನ ಜಾತಿ. ಗೇಣಿ ಬಾಕಿಯಾಗುವುದಕ್ಕೂ ಒಂದು ಹಕ್ಕು ಬೇಕು ಎಂಬ ಕಠೋರ ಸತ್ಯವನ್ನು ಈ ಕಾದಂಬರಿ ಹೇಳುತ್ತದೆ. ಅವನ ತಲೆಯ ಮೇಲಿರುವುದು ತೋಟದ ಧಣಿಯ ಸಾಲ. ಅದನ್ನು ತೀರಿಸಲು ಘಟ್ಟದ ಮೇಲೆ ಹೋಗುವವಳು ಬೆಳ್ಳಿ. ಆ ಸಾಲ ಕೊನೆಗೆ ಯಾವ ಬೆಲೆಗೆ ಅಳಿಯಿತೆಂಬುದು ಓದಿದವರಿಗೆಲ್ಲ ಗೊತ್ತು. ಹೀಗೆ ಕುಂಞಿಮಾಳು, ಬೆಳ್ಳಿ ಇಬ್ಬರೂ ಒಂದೇ ಲೆಕ್ಕಕ್ಕೆ ತುತ್ತಾದವರು. ದಾಮೋದರನ್ ಇದರಿಂದ ಹೋರಾಟದ ಕರೆಗೆ ತಲುಪುತ್ತಾರೆ. ಕಾರಂತರು ದುಡಿಯ ಸದ್ದಿಗೆ ಮಾತ್ರ ತಲುಪುತ್ತಾರೆ. ನಮ್ಮ ವಿಮರ್ಶೆ ಎರಡನೆಯದನ್ನು ಕಲೆಯೆಂದೂ ಮೊದಲನೆಯದನ್ನು ಪ್ರಚಾರವೆಂದೂ ಬೇಗ ವಿಂಗಡಿಸಿಬಿಡುತ್ತದೆ. ಆ ವಿಂಗಡಣೆ ಅರ್ಧ ಮಾತ್ರ ಸರಿ. 'ಪಾಟ್ಟಬಾಕ್ಕಿ'ಯನ್ನು ನೋಡಲು ಕುಳಿತಿದ್ದವರು ಸ್ವತಃ ಬಾಕಿದಾರರಾಗಿದ್ದರು. ಅವರಿಗೆ ಬೇಕಿದ್ದುದು ದುಃಖದ ಚಿತ್ರಣವೊಂದೇ ಅಲ್ಲ.

ಈ ಎರಡು ದಾರಿಗಳೂ ಕೂಡುವ ಕೃತಿ ನಿರಂಜನರ 'ಚಿರಸ್ಮರಣೆ' (1955). ಕಯ್ಯೂರು ಆಗ ದಕ್ಷಿಣ ಕನ್ನಡದ ಕಾಸರಗೋಡು ತಾಲೂಕಿಗೆ ಸೇರಿತ್ತು. 1941ರ ಮಾರ್ಚಿಯಲ್ಲಿ ಅಲ್ಲಿ ನಡೆದ ಘಟನೆಗಾಗಿ ಮಠತ್ತಿಲ್ ಅಪ್ಪು, ಕೊಯಿತ್ತಾಟಿಲ್ ಚಿರುಕಂಡನ್, ಪೊಡೋರ ಕುಂಞಂಬು ನಾಯರ್, ಪಳ್ಳಿಕ್ಕಲ್ ಅಬೂಬಕ್ಕರ್ ಈ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ನೀಲೇಶ್ವರದಲ್ಲಿ ಓದಿದ ನಿರಂಜನರಿಗೆ ಆ ಊರು, ಆ ಜನ ದೂರದವರಲ್ಲ. ಮಲಯಾಳ ಮಾತಾಡುವ ರೈತನ ಕಥೆಯನ್ನು ಕನ್ನಡದಲ್ಲಿ ಬರೆದಾಗ ಅವರು ಅನ್ಯರ ಕಥೆ ಬರೆದೆನೆಂದು ಭಾವಿಸಿದಂತೆ ಕಾಣುವುದಿಲ್ಲ. ಕಾದಂಬರಿಯ ದೋಷ ನಮಗೆ ಕಾಣದ್ದೇನಲ್ಲ: ಹೆಂಗಸರು ಹಿನ್ನೆಲೆಗೆ ಸರಿದಿದ್ದಾರೆ, ನಂಬಿಕೆಯ ಬೆಳಕು ಕೆಲವೆಡೆ ಸಂಶಯದ ನೆರಳನ್ನೇ ಅಳಿಸಿಬಿಡುತ್ತದೆ. ಆದರೆ ಬಾಕಿಯನ್ನು ಒಬ್ಬೊಬ್ಬನ ದುರ್ದೈವವೆಂದು ಕಾಣದೆ ಊರಿನ ಸಮಾನ ಅನುಭವವೆಂದು ಕಂಡದ್ದು ಅದರ ಬಲ. ಒಕ್ಕಲೆಬ್ಬಿಸುವ ಭಯವನ್ನು ಒಂಟಿಯಾಗಿ ಹೊತ್ತವನು ನಾಚುತ್ತಾನೆ. ನಾಲ್ಕು ಜನರೊಡನೆ ಹಂಚಿಕೊಂಡವನು ಪ್ರಶ್ನೆ ಕೇಳುತ್ತಾನೆ. ಈ ಬದಲಾವಣೆಯೇ 'ಚಿರಸ್ಮರಣೆ'ಯ ನಿಜವಾದ ವಸ್ತು.

ಇಲ್ಲಿಂದ ನಾನು ಕೃಷ್ಣಾ ತೀರಕ್ಕೆ ಹೋಗಬಯಸುತ್ತೇನೆ. ನಾರಾಯಣಪೇಟೆ, ಮಕ್ತಲ್, ಗದ್ವಾಲ ಎಂದರೆ ನಮ್ಮ ಓದುಗರಲ್ಲಿ ಹಲವರಿಗೆ ಸೀರೆಯ ಹೆಸರು ಮಾತ್ರ ನೆನಪಾಗಬಹುದು. ಕಾಸರಗೋಡು ಕೇರಳಕ್ಕೆ ಸೇರಿದ ದಿನವೇ, 1956ರ ನವೆಂಬರ್ 1ರಂದು, ಅದುವರೆಗೆ ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ ಆಂಧ್ರಪ್ರದೇಶಕ್ಕೆ ಸೇರಿತು. ಮಕ್ತಲ್, ನಾರಾಯಣಪೇಟೆಗಳ ಕನ್ನಡ ಮನೆಗಳೂ ಹೈದರಾಬಾದು ರಾಜ್ಯದಿಂದ ಅದೇ ಕಡೆಗೆ ಹೋದವು. 2014ರಿಂದ ಅವು ತೆಲಂಗಾಣದಲ್ಲಿವೆ. ಒಂದೇ ಆಜ್ಞೆಯಿಂದ ಗಡಿನಾಡಾದವರು ನಾವು. ಆದರೆ ಒಬ್ಬರ ಕಥೆ ಇನ್ನೊಬ್ಬರಿಗೆ ತಲುಪಿಲ್ಲ.

ಅಲ್ಲಿ ಗೇಣಿಗೆ ಕೌಲು ಎನ್ನುತ್ತಾರೆ. ನಿಜಾಮನ ಕಾಲದಲ್ಲಿ ಕಾಗದವೆಲ್ಲ ಉರ್ದುವಿನಲ್ಲಿತ್ತು, ಆಮೇಲೆ ತೆಲುಗಿಗೆ ಬಂತು. ಮನೆಯಲ್ಲಿ ಕನ್ನಡ ಆಡುವ ರೈತ ಎರಡೂ ಕಾಲದಲ್ಲಿ ತನಗೆ ಓದಲು ಬಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದವನು. 1950ರ ಹೈದರಾಬಾದು ಗೇಣಿ ಕಾಯಿದೆ ರಕ್ಷಿತ ಗೇಣಿದಾರ ಎಂಬ ಸ್ಥಾನವನ್ನು ಕೊಟ್ಟಿತು. ಬಾಕಿಯಾದವನನ್ನೂ ಮನಬಂದಂತೆ ಎಬ್ಬಿಸುವಂತಿಲ್ಲ, ಕಂದಾಯ ಅಧಿಕಾರಿಯ ಮುಂದೆ ಹೋಗಬೇಕು ಎಂದಿತು. ಆಗಿನ ಭಾರತದಲ್ಲಿ ಇದು ಮುಂದುವರಿದ ಕಾಯಿದೆ. ಅದರ ಫಲವೇನಾಯಿತೆಂದು ಅರ್ಥಶಾಸ್ತ್ರಜ್ಞ ಎ. ಎಂ. ಖುಸ್ರೋ ಹೈದರಾಬಾದು ರಾಜ್ಯದಲ್ಲಿ ಅಧ್ಯಯನ ಮಾಡಿ 1958ರಲ್ಲಿ ಪ್ರಕಟಿಸಿದರು. 1951ರಲ್ಲಿದ್ದ ಪ್ರತಿ 100 ರಕ್ಷಿತ ಗೇಣಿದಾರರಲ್ಲಿ ನಾಲ್ಕು ವರ್ಷಗಳ ನಂತರ ಅದೇ ಸ್ಥಾನದಲ್ಲಿ ಉಳಿದವರು ಸುಮಾರು 45. ಭೂಮಿ ಕೊಂಡವರು ಸುಮಾರು 12. ಕಾಯಿದೆ ಪ್ರಕಾರ ಹೊರಬಿದ್ದವರು ಮೂರಕ್ಕಿಂತ ಕಡಿಮೆ. ಕಾಯಿದೆ ಮೀರಿ ಎಬ್ಬಿಸಲ್ಪಟ್ಟವರು ಸುಮಾರು 22. ತಾವಾಗಿಯೇ ಬಿಟ್ಟುಕೊಟ್ಟರೆಂದು ದಾಖಲಾದವರು 17ಕ್ಕೂ ಹೆಚ್ಚು.

ಕಥೆಗಾರನಾದವನು ಈ ಕೊನೆಯ ಅಂಕಿಯ ಮುಂದೆ ನಿಲ್ಲಬೇಕು. ಭೂಮಿಗಾಗಿ ಹಂಬಲಿಸಿದವನು ಅದನ್ನು ತಾನಾಗಿ ಬಿಟ್ಟುಕೊಡುವುದು ಹೇಗೆ? ಕಂದಾಯದ ಭಾಷೆಯಲ್ಲಿ ಇದಕ್ಕೆ ರಾಜೀನಾಮೆ ಎಂಬ ಸಭ್ಯ ಹೆಸರಿದೆ. ಎರಡು ವರ್ಷ ಮಳೆ ಕೈಕೊಟ್ಟಿದೆ, ಬಾಕಿ ಬೆಳೆದಿದೆ, ಧಣಿ ಬಯ್ಯುವುದೂ ಇಲ್ಲ. ಮಗಳ ಮದುವೆಗೆ ಕೊಟ್ಟ ಹಣವನ್ನು ಸುಮ್ಮನೆ ನೆನಪಿಸುತ್ತಾನೆ. ಮರುದಿನ ಕಾಗದ ತಯಾರಾಗುತ್ತದೆ. 'ಪಾಟ್ಟಬಾಕ್ಕಿ'ಯ ಕಾರ್ಯಸ್ಥನಂಥ ಖಳ ಇಲ್ಲಿ ಬೇಕಾಗಿಲ್ಲ. 'ಚಿರಸ್ಮರಣೆ'ಯ ಗುಂಪೂ ಇಲ್ಲಿ ಸೇರುವುದಿಲ್ಲ, ಏಕೆಂದರೆ ಸೇರಲು ಒಂದು ಗದ್ದಲವೇ ಆಗಲಿಲ್ಲ. ನಮ್ಮ ಕಥನ ಸಾಹಿತ್ಯ ಬಾಗಿಲು ಮುರಿಯುವ ಸದ್ದನ್ನು ಚೆನ್ನಾಗಿ ಕೇಳಿಸಿಕೊಂಡಿದೆ. ಹೆಬ್ಬೆಟ್ಟಿನ ಸದ್ದಿಲ್ಲದ ಗುರುತನ್ನು ಅಷ್ಟು ಚೆನ್ನಾಗಿ ಓದಿಲ್ಲ ಎಂಬುದು ನನ್ನ ಆಕ್ಷೇಪ.

ಭೂಮಿ ಹೋದ ಮೇಲಿನ ದಾರಿಯೂ ಅಲ್ಲಿ ಪರಿಚಿತವೇ. ಪಾಲಮೂರಿನ ಕೂಲಿಗಳೆಂದು ದೇಶದ ಅಣೆಕಟ್ಟು, ಕಾಲುವೆಗಳ ಮಣ್ಣು ಹೊತ್ತವರು ಈ ಹಿಂದಿನ ಮಹಬೂಬ್‌ನಗರ ಜಿಲ್ಲೆಯವರು. ಮೇಸ್ತ್ರಿ ಕೊಟ್ಟ ಮುಂಗಡಕ್ಕೆ ಮನೆಮಂದಿಯೆಲ್ಲ ಹೊರಡುವುದು ಬೆಳ್ಳಿ ಘಟ್ಟ ಹತ್ತಿದ ಕಥೆಯ ಮುಂದುವರಿಕೆ. ಜುರಾಲಾ ಅಣೆಕಟ್ಟಿನ ನೀರು ಬಂದ ಮೇಲೆ ಕೌಲು ಮುಗಿಯಲಿಲ್ಲ. ನೀರು ಬಂದಲ್ಲಿ ಭೂಮಿಯ ಬೆಲೆ ಏರುತ್ತದೆ, ಅದರೊಡನೆ ಕೌಲಿನ ದರವೂ. ಗದ್ವಾಲದ ಹತ್ತಿಬೀಜದ ಬೇಸಾಯದಲ್ಲಿ ಸಾಲ ಕೊಡುವವನೇ ಬೀಜ ಕೊಳ್ಳುವ ಮಧ್ಯವರ್ತಿಯೂ ಆಗಿರುತ್ತಾನೆ. 2018ರಲ್ಲಿ ಆರಂಭವಾದ ರೈತಬಂಧು ಯೋಜನೆಯ ಹಣ ಹೋದದ್ದು ಪಟ್ಟಾದಾರನಿಗೆ, ಉತ್ತು ಬಿತ್ತಿದ ಕೌಲುದಾರನಿಗಲ್ಲ. ಕಾಗದದಲ್ಲಿ ಇಲ್ಲದವನನ್ನು ಒಕ್ಕಲೆಬ್ಬಿಸಲು ಕಾಗದವೂ ಬೇಡ.

ನಮ್ಮ ಕಡೆ ಹೀಗಾಗಲಿಲ್ಲ ಎಂಬ ಸಮಾಧಾನ ನಮಗಿದೆ. 1957ರ ಏಪ್ರಿಲ್ 5ರಂದು ಅಧಿಕಾರಕ್ಕೆ ಬಂದ ಇ. ಎಂ. ಎಸ್. ಸರಕಾರ ಆರೇ ದಿನಗಳಲ್ಲಿ ಒಕ್ಕಲೆಬ್ಬಿಸುವಿಕೆಯನ್ನು ತಡೆಯುವ ಸುಗ್ರೀವಾಜ್ಞೆ ಹೊರಡಿಸಿತು. 1970ರ ಜನವರಿ 1ರಿಂದ ಉಳುವವನಿಗೆ ಭೂಮಿಯ ಹಕ್ಕು ಬಂತು. ಆದರೆ ಈ ಸಮಾಧಾನದೊಳಗೆ ಒಂದು ಮುಳ್ಳಿದೆ. ಕಾಸರಗೋಡಿನ ಕನ್ನಡ ಮನೆಗಳಲ್ಲಿ ಭೂಸುಧಾರಣೆಯ ನೆನಪು ಒಂದೇ ಬಗೆಯದಲ್ಲ. ಕೆಲವು ಮನೆಗಳಲ್ಲಿ ಭೂಮಿ ಹೋಯಿತು ಎನ್ನುತ್ತಾರೆ, ಕೆಲವು ಮನೆಗಳಲ್ಲಿ ಭೂಮಿ ಬಂತು ಎನ್ನುತ್ತಾರೆ. ಎರಡೂ ಕನ್ನಡದ, ತುಳುವಿನ ಮನೆಗಳೇ. ಹೋದ ಭೂಮಿಯ ದುಃಖ ಎಷ್ಟೋ ಸಲ ಭಾಷೆಯ ದುಃಖದ ಜತೆ ಬೆರೆತು ನಮ್ಮ ಸಭೆಗಳಲ್ಲಿ ಮಾತಾಡಿದೆ. ಬಂದ ಭೂಮಿಯ ಸಂತೋಷ ಅಷ್ಟಾಗಿ ಮಾತಾಡಿಲ್ಲ. ಅಲ್ಪಸಂಖ್ಯಾತರ ನೋವನ್ನು ಬರೆಯುವಾಗ ನಾವು ಯಾವ ಜಗಲಿಯ ಮೇಲೆ ಕುಳಿತು ಬರೆಯುತ್ತಿದ್ದೇವೆ ಎಂದು ನೋಡಿಕೊಳ್ಳುವುದು ಅಗತ್ಯ. 'ಚೋಮನ ದುಡಿ'ಯನ್ನು ಮೆಚ್ಚುವ ನಾವು ಚೋಮನ ಮೊಮ್ಮಗನಿಗೆ ಸಿಕ್ಕ ಹತ್ತು ಸೆಂಟ್ಸ್ ಜಾಗವನ್ನು ಮೆಚ್ಚದಿದ್ದರೆ ಆ ಮೆಚ್ಚುಗೆಗೆ ಅರ್ಥವಿಲ್ಲ.

ಭಾಷೆಯ ಪ್ರಶ್ನೆ ಹುಸಿಯೆಂದು ಇದರ ಅರ್ಥವಲ್ಲ. ಕೇರಳದ 1969ರ ರಾಜಭಾಷಾ ಕಾಯಿದೆ ಕನ್ನಡಿಗನು ಕನ್ನಡದಲ್ಲೇ ಸರಕಾರಕ್ಕೆ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೊಟ್ಟಿದೆ. ನೋಟೀಸು ಓದಲು ಬಾರದವನಿಗೆ ಅವಧಿ ಮುಗಿಯುವುದೂ ತಿಳಿಯುವುದಿಲ್ಲ. ಆದ್ದರಿಂದ ತಾಯ್ನುಡಿಯ ಹಕ್ಕು ಎಷ್ಟೋ ಸಲ ಮನೆಯ ಹಕ್ಕೇ ಆಗಿರುತ್ತದೆ. ನಾರಾಯಣಪೇಟೆಯ ರಾಜೀನಾಮೆ ಕಾಗದ ನಮಗೆ ಕಲಿಸುವುದು ಇದನ್ನೇ.

ನಿರಂಜನರು ಒಂದು ನದಿ ದಾಟಿ ಮಲಯಾಳಿ ರೈತನ ಕಥೆಯನ್ನು ಕನ್ನಡಕ್ಕೆ ತಂದರು. ಕೃಷ್ಣೆಯ ದಂಡೆಯಲ್ಲಿ ತೆಲುಗಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ ಕನ್ನಡದ ಕೌಲುದಾರನಿಗೂ ಅಂಥ ಒಬ್ಬ ಲೇಖಕ ಬೇಕು. ಅವನು ಕನ್ನಡದಲ್ಲಿ ಬರೆದರೆ ಸಂತೋಷ. ತೆಲುಗಿನಲ್ಲಿ ಬರೆದರೂ ನಾವು ಅನುವಾದಿಸಿ ಓದೋಣ.